ರಸಮಟ್ಟ ಇಟ್ಟು ಮಾಡಿದ ಪಾತಿ

ಮಣ್ಣು ಹದ ಮಾಡಿ, ಆಮೇಲೆ ಬೀಜ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಹದ ಎಂದರೆ ಏನು ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ. ಕೇಳಿದರೆ "ಅಯ್ಯೋ, ಅಷ್ಟೂ ಗೊತ್ತಿಲ್ವಾ?" ಎಂದು ನಗುತ್ತಾರೆ. ಗೊತ್ತಿಲ್ಲ. ಗೊತ್ತಿದ್ದರೆ ಕೇಳುತ್ತಿದ್ದೆನೇ?

ನನಗೆ ಗೊತ್ತಿದ್ದ ಹದ ಒಂದೇ. ಗಾರೆಯ ಹದ. ನಮ್ಮ ಯಜಮಾನರು ಗಾರೆ ಮೇಸ್ತ್ರಿ. ಮೂವತ್ತೊಂದು ವರ್ಷ ಅವರ ಜೊತೆ ಬಾಳಿದೆ. ಅದರಲ್ಲಿ ಹನ್ನೆರಡು ವರ್ಷ ಅವರ ಕೈಕೆಳಗೆ ಮರಳು ಜರಡಿ ಹಿಡಿದೆ. ಅವರು ಹಾಕಿದ ನೆಲ ಒಂದೂ ಬಿರುಕು ಬಿಡಲಿಲ್ಲ. (ಒಂದು ಬಿಟ್ಟಿತ್ತು. ಅದು ನಮ್ಮ ಅಡುಗೆಮನೆಯದು. ಕೇಳಿದಾಗಲೆಲ್ಲ "ನಾಳೆ ಮಾಡ್ತೀನಿ" ಎನ್ನುತ್ತಿದ್ದರು. ಈಗ ಯಾರನ್ನು ಕೇಳಲಿ?)

ಏಳು ತಿಂಗಳ ಹಿಂದೆ ಒಂದು ಸಂಜೆ ಕೆಲಸದಿಂದ ಬಂದವರು ಜೇಬಿನಿಂದ ಒಣಗಿದ ಹುರುಳಿಕಾಯಿ ಒಂದನ್ನು ತೆಗೆದರು. ಯಾರದೋ ಮನೆಯ ಬೇಲಿಯಲ್ಲಿ ಸಿಕ್ಕಿತಂತೆ.

"ಹುಟ್ಟಿದಾಗಿಂದ ಮಣ್ಣು ಮುಚ್ಚಿದ್ದೇ ಆಯ್ತು ಕಣೇ. ಹಿತ್ತಲಲ್ಲಿ ಎರಡು ಮಾರು ಜಾಗ ಬಿಟ್ಟಿದ್ದೀನಲ್ಲ, ಅಲ್ಲಿ ಇದನ್ನ ಹಾಕೋಣ" ಎಂದರು.

ಸುಲಿದರೆ ಒಂಬತ್ತು ಬೀಜ. ಬೆಂಕಿಪೊಟ್ಟಣದಲ್ಲಿ ಹಾಕಿಟ್ಟರು. ವಾರ ಕಳೆಯಲಿಲ್ಲ. ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಏಳಲಿಲ್ಲ.

ಬೆಂಕಿಪೊಟ್ಟಣ ಉಳಿಯಿತು.

ಅಂಗಡಿಯಲ್ಲಿ ಬೀಜ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ಅದು ಅಂಗಡಿಯವನ ಬೀಜ. ಇದು ಇವರದು. ದಿನಕ್ಕೆರಡು ಸಲ ಪೊಟ್ಟಣ ತೆರೆದು ಎಣಿಸುತ್ತಿದ್ದೆ. ಒಂಬತ್ತೂ ಇದ್ದರೆ ಸಮಾಧಾನ. ಮಣ್ಣಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ಹಾಕಿ ಸತ್ತರೆ?

"ಹಾಕದೆ ಇದ್ರೂ ಸಾಯುತ್ತೆ" ಎಂದಳು ನಾದಿನಿ. "ಬೀಜಕ್ಕೂ ವಯಸ್ಸಾಗುತ್ತೆ ಅತ್ತಿಗೆ. ನಿನ್ನ ಹಾಗೆ."

ಇವಳು ನಮ್ಮ ಯಜಮಾನರ ತಂಗಿ. ದೊಡ್ಡ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮಲಗಿದ್ದ ರೋಗಿಗಳನ್ನು ಬೈದೇ ಎಬ್ಬಿಸಿ ಓಡಾಡಿಸಿದ ಖ್ಯಾತಿ ಇದೆ. ಅಣ್ಣ ಹೋದ ಮೇಲೆ ಪೆಟ್ಟಿಗೆ ಹಿಡಿದು ನನ್ನ ಮನೆಗೇ ಬಂದಳು. ನನ್ನನ್ನು ನೋಡಿಕೊಳ್ಳಲು ಬಂದೆ ಎಂದು ಅವಳು ಹೇಳುತ್ತಾಳೆ. ಅವಳನ್ನು ನೋಡಿಕೊಳ್ಳಲು ಇಟ್ಟುಕೊಂಡೆ ಎಂದು ನಾನು ಹೇಳುತ್ತೇನೆ.

ವಯಸ್ಸಿನ ಮಾತು ಕೇಳಿ ಆ ರಾತ್ರಿ ನಾಲ್ಕು ಸಲ ಎದ್ದು ಬೀಜ ಎಣಿಸಿದೆ. ಅವಳು ಎರಡು ದಿನ ಯಾರದೋ ಮದುವೆಗೆ ಹೋದದ್ದೇ ತಡ, ಸೆರಗು ಸಿಕ್ಕಿಸಿ ಹಿತ್ತಲಿಗೆ ಇಳಿದೆ.

ಒಂದು ಮೊಳ ಆಳ ಅಗೆದೆ. ಕಲ್ಲು ಆರಿಸಿದೆ. ಕಡ್ಡಿ ಆರಿಸಿದೆ. ಎರೆಹುಳು ಕಂಡಿತು. ಬೀಜ ತಿಂದೀತು ಎಂದು ಅದನ್ನೂ ಆರಿಸಿ ಗೋಡೆಯಾಚೆ ಎಸೆದೆ. ಮಣ್ಣನ್ನೆಲ್ಲ ಇವರ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿದೆ. ಮೈದಾ ಹಿಟ್ಟಿನ ಹಾಗಾಯಿತು. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದೆ. ಮಣ್ಣು ತುಂಬಿ, ನೀರು ಚಿಮುಕಿಸಿ, ನೆಲ ಗಟ್ಟಿ ಮಾಡುವ ದಮ್ಮಸು ಬಡಿದೆ. ಭುಜ ಬಿದ್ದುಹೋಯಿತು, ಬಿಡಲಿಲ್ಲ. ಕೊನೆಗೆ ಇವರ ರಸಮಟ್ಟ ತಂದು ಮೇಲೆ ಇಟ್ಟೆ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಇವರು ಇದ್ದಿದ್ದರೆ ತಲೆಯಾಡಿಸುತ್ತಿದ್ದರು. ಅಷ್ಟಾದರೆ ದೊಡ್ಡ ಬಿರುದು, ಅವರಿಂದ.

ಮರುದಿನ ಹಾಲಿನವನು ಬಂದ. ಸೈಕಲ್ಲನ್ನು ನೇರವಾಗಿ ಪಾತಿಯ ಮೇಲೆ ತಂದು ಸ್ಟ್ಯಾಂಡ್ ಹಾಕಿದ. ಸೈಕಲ್ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ನೆಲ ಚೆನ್ನಾಗಿ ಮಾಡಿಸಿದ್ದೀರಮ್ಮ. ಯಾವ ಮೇಸ್ತ್ರಿ?" ಎಂದ.

ಪಾತ್ರೆ ಮುಂದೆ ಹಿಡಿದೆ.

ನಾದಿನಿ ಮದುವೆ ಊಟ ಮುಗಿಸಿ ಬಂದಳು. ನೋಡಿದಳು. ಬಗ್ಗಿ ಬೆರಳ ಗೆಣ್ಣಿನಿಂದ ಬಡಿದಳು. ಬಾಗಿಲು ಬಡಿದ ಹಾಗೆ ಶಬ್ದ ಬಂತು.

"ಅತ್ತಿಗೆ, ಇದೇನು?"

"ಪಾತಿ."

"ಇದರ ಮೇಲೆ ಕ್ಯಾರಂ ಆಡಬಹುದು."

"ಗಟ್ಟಿ ಇಲ್ದಿದ್ರೆ ಕುಸಿಯಲ್ವಾ?"

"ಕುಸೀಬೇಕು ಕಣತ್ತಿಗೆ! ಇದು ಅಡಿಪಾಯ ಅಲ್ಲ. ಬೇರು ಒಳಗೆ ಹೋಗಬೇಕು, ಮೊಳಕೆ ಹೊರಗೆ ಬರಬೇಕು. ಪಾಪ, ಅದು ಏನು ಡ್ರಿಲ್ಲಿಂಗ್ ಮಷೀನ್ ತರುತ್ತಾ?"

"ನಿಂಗೆ ಹೇಗೆ ಗೊತ್ತು?"

"ವಾರ್ಡಿನ ಹಿಂದೆ ಟೊಮೇಟೊ ಬೆಳೆದಿದ್ದೀನಿ. ಡಾಕ್ಟ್ರು ಕೇಳಿ ತಗೊಂಡು ಹೋಗ್ತಿದ್ರು."

(ಟೊಮೇಟೊ ವಿಷಯ ನನಗೆ ಅನುಮಾನ. ಡಾಕ್ಟರ ವಿಷಯ ಖಂಡಿತ ಸುಳ್ಳು.)

ನಾನು ದಿನವಿಡೀ ಬಡಿದದ್ದನ್ನು ಇಬ್ಬರೂ ಸೇರಿ ಹಾರೆ ಹಾಕಿ ಒಡೆದೆವು. ಹೆಂಚಿನ ಚೂರಿನ ಹಾಗೆ ಎದ್ದಿತು. ಒಣಗಿದ ಎಲೆ, ಕೊಳೆತ ಸೆಗಣಿ ಬೆರೆಸಿದೆವು. ಗೋಡೆಯಾಚೆ ಎಸೆದ ಎರೆಹುಳುವನ್ನು ಹುಡುಕಿ ತಾ ಎಂದು ಕಳಿಸಿದಳು. ಹೋದೆ. ಅದು ನನಗಾಗಿ ಕಾದು ಕೂತಿರಲಿಲ್ಲ. ಕೊನೆಗೆ ಒಂದು ಹಿಡಿ ಮಣ್ಣನ್ನು ನನ್ನ ಕೈಗೆ ಕೊಟ್ಟು ಹಿಸುಕು ಎಂದಳು. ಉಂಡೆಯಾಯಿತು. ಬೆರಳು ತಾಗಿಸು ಎಂದಳು. ಪುಡಿಯಾಗಿ ಉದುರಿತು.

"ಇದು ಹದ" ಎಂದಳು.

ಇಷ್ಟೇ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಭುಜ ಉಳಿಯುತ್ತಿತ್ತು.

ನಾಲ್ಕು ಬೀಜ ಹಾಕಿದೆ. ಐದನ್ನು ಆಪತ್ತಿಗೆ ಇರಲಿ ಎಂದು ಇಟ್ಟುಕೊಂಡೆ. ದಾರ ಹಿಡಿದು, ಗೇಣಿಗೊಂದು, ಬೆರಳಿನ ಎರಡು ಗೆಣ್ಣು ಆಳ.

ಆಮೇಲೆ ಶುರುವಾಯಿತು ನೋಡಿ. ನಿದ್ದೆ ಇಲ್ಲ. ಇರುವೆ ಬಂದರೆ? ನೀರು ಹೆಚ್ಚಾಗಿ ಕೊಳೆತರೆ? ಕಡಿಮೆಯಾಗಿ ಒಣಗಿದರೆ? ಒಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದು ಹೇಗೆ? ಇವರು ಹೋದ ದಿನವೂ ಹಾಗೇ. ಮೆಟ್ಟಿಲಿಂದ ಎತ್ತಿ ಆಸ್ಪತ್ರೆಗೆ ಒಯ್ದರೆ ಡಾಕ್ಟರು ಬಾಗಿಲು ಹಾಕಿಕೊಂಡರು, ನಾನು ಹೊರಗೆ ನಿಂತೆ. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈ ಸಲ ಹಾಗಾಗಬಾರದು ಎಂದು ಇವರ ಗಾರೆ ಬಳಿಯುವ ಕರಣೆ ತಗೊಂಡು ದಿನಾ ಬೆಳಿಗ್ಗೆ ಅಗೆದು ನೋಡಿದೆ. ನೋಡಿ ಮುಚ್ಚಿದೆ. ಮೂರನೆಯ ದಿನ ಉಬ್ಬಿದ್ದವು. ಖುಷಿಗೆ ಮಧ್ಯಾಹ್ನ ಇನ್ನೊಂದು ಸಲ ನೋಡಿದೆ. ಆರನೆಯ ದಿನ ನಾಲ್ಕೂ ಕೈಯಲ್ಲೇ ಕರಗಿದವು.

ನಾದಿನಿ ಬಾಗಿಲಲ್ಲಿ ನಿಂತಿದ್ದಳು.

"ದಿನಾ ತೆಗೆದು ನೋಡಿದ್ಯಾ?"

"ನೋಡ್ದೆ."

"ಆಪರೇಷನ್ ಆದವರ ಹೊಲಿಗೆ ದಿನಾ ಬಿಚ್ಚಿ ಒಳಗೆ ಹೇಗಿದೆ ಅಂತ ನೋಡ್ತಾರಾ?"

ಆ ದಿನ ನಾನು ಊಟ ಮಾಡಲಿಲ್ಲ. ಸಂಜೆ ಬೆಂಕಿಪೊಟ್ಟಣವನ್ನು ಅವಳ ಮುಂದೆ ಇಟ್ಟೆ. ಐದು ಇತ್ತು. ಅಷ್ಟೇ ಉಳಿದದ್ದು.

"ನೀನೇ ಹಾಕು. ನನ್ನ ಕೈ ಸರಿ ಇಲ್ಲ" ಎಂದೆ.

"ಕೈ ಸರಿ ಇದೆ. ತಲೆ ಸರಿ ಇಲ್ಲ" ಎಂದಳು. ಹಾಕಿದಳು. ಆಮೇಲೆ ಹಿತ್ತಲ ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಟು ದಿನ ನಾನು ಆ ಕಡೆ ತಲೆ ಹಾಕಬಾರದು ಎಂದು ಆಜ್ಞೆಯಾಯಿತು. ನನ್ನ ಮನೆ, ನನ್ನ ಹಿತ್ತಲು, ನನ್ನ ಗಂಡನ ಬೀಜ. ಆಡಳಿತ ಅವಳದು.

ಬಟ್ಟೆ ಒಣಹಾಕಲೂ ಬಿಡಲಿಲ್ಲ. ಒದ್ದೆ ಬಟ್ಟೆ ಎಂಟು ದಿನ ನಡುಮನೆಯಲ್ಲೇ ತೂಗಿತು. ಎದುರು ಮನೆಯವರು ಮಳೆ ಬಂದಿತ್ತಾ ಎಂದು ಕೇಳಿದರು. ನೀರು ಹಾಕಲು ಅವಳು ಬೆಳಿಗ್ಗೆ ಹೋಗಿ ಆ ಕಡೆಯಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಕಿವಿ ಇಟ್ಟು ನಿಲ್ಲುತ್ತಿದ್ದೆ.

"ಏನಾದ್ರೂ ಕಾಣ್ತಾ?"

"ನೀನು ಕಾಣ್ತಿದ್ದೀಯ. ಬಾಗಿಲ ಕೆಳಗೆ ನಿನ್ನ ಕಾಲು. ಹೋಗು."

ಎಂಟನೆಯ ದಿನ ಬಾಗಿಲು ತೆರೆದಳು. ನಾನು ಕಣ್ಣು ಮುಚ್ಚಿಕೊಂಡೇ ಮೆಟ್ಟಿಲಿಳಿದೆ. ತೆರೆದೆ.

ನಾಲ್ಕು ಬಂದಿದ್ದವು. ಕತ್ತು ಬಗ್ಗಿಸಿ, ಬೆನ್ನ ಮೇಲೆ ಮಣ್ಣು ಹೊತ್ತುಕೊಂಡು. ನಾನು ಅಲ್ಲೇ ಕೂತುಬಿಟ್ಟೆ. ಐದನೆಯ ಜಾಗದಲ್ಲಿ ಮಣ್ಣು ಸ್ವಲ್ಪ ಉಬ್ಬಿತ್ತು, ಏನೂ ಕಾಣುತ್ತಿರಲಿಲ್ಲ.

"ಅದೂ ಬರುತ್ತೆ, ನಾಳೆಗೆ" ಎಂದಳು ನಾದಿನಿ. "ನಿನ್ನೆ ನೋಡಿದಾಗ ಬಿಳೀ ಬೇರು ಇಷ್ಟುದ್ದ ಬಿಟ್ಟಿತ್ತು."

"ಬೇರಾ?" ಎಂದೆ. "ಮಣ್ಣೊಳಗಿನ ಬೇರು ನಿನಗೆ ಹೇಗೆ ಕಾಣ್ತು?"

ಅವಳು ಆಕಾಶ ನೋಡಿದಳು.

"ಅಗೆದು ನೋಡಿದ್ಯಾ?"

"ಸ್ವಲ್ಪ."

"ಎಷ್ಟು ದಿನ?"

"ದಿನಾ." ಧ್ವನಿ ಸಣ್ಣದಾಯಿತು. "ಅಣ್ಣನ ಬೀಜ ಅಲ್ವಾ ಅತ್ತಿಗೆ. ಹೆದರಿಕೆ ಆಗ್ತಿತ್ತು. ಕರಣೆ ಗಿರಣೆ ಇಲ್ಲ, ಬೆರಳಲ್ಲಿ, ಮೆಲ್ಲಗೆ."

ನನಗೆ ಬಂತು ನೋಡಿ ಸಿಟ್ಟು! ಏಳು ತಿಂಗಳಲ್ಲಿ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಕಳ್ಳಿ ಎಂದೆ. ನನಗೆ ಬೀಗ, ನಿನಗೆ ಹಬ್ಬವಾ ಎಂದೆ. ಹೊಲಿಗೆ ಬಿಚ್ಚುವವಳು ನೀನು ಎಂದೆ. ಬೀಜ ಮುಟ್ಟಬಾರದು ಎಂದು ಅಷ್ಟೂ ಹೊತ್ತು ಅವಳಿಗೆ ಪಾಠ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ಕೈ ಕಡೆ ನೋಡಿ, "ಅತ್ತಿಗೆ!" ಎಂದು ಕೂಗಿದಳು.

ನಾನೂ ನೋಡಿದೆ. ನನ್ನ ಬೆರಳು ಐದನೆಯ ಗುಂಡಿಯಲ್ಲಿತ್ತು. ಯಾವಾಗ ಹೋಯಿತೋ, ನನ್ನಾಣೆ ಗೊತ್ತಿಲ್ಲ. ಮೇಲಕ್ಕೆತ್ತಿದೆ. ಮೊಳಕೆ ಬಂತು. ತಲೆ ಬೇರೆ, ಬೇರು ಬೇರೆ.

ಎಂಟು ದಿನ ಅವಳು ಅಗೆದು ನೋಡಿದರೂ ಬದುಕಿದ್ದು, ನಾನು ಒಂದು ಸಲ ಮುಟ್ಟಿದ್ದಕ್ಕೆ ಹೋಯಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ತೋಳು ಹಿಡಿದು ಎಬ್ಬಿಸಿದಳು. ರೋಗಿಯನ್ನು ಎಬ್ಬಿಸುವ ಹಾಗೆ. ಒಳಗೆ ಬಂದೆವು. ಬೀಗ ನಾನೇ ಹಾಕಿದೆ. ಎರಡು ಸಲ ಎಳೆದು ನೋಡಿದೆ. ಕೀಲಿಕೈಯನ್ನು ಅವಳು ಕೇಳುವ ಮೊದಲೇ ಅವಳ ಕೈಗೆ ಇಟ್ಟೆ.