ಬೀಗರ ಗುಂಡು, ಓಬಳೇಶನ ಗಾಡಿ

ಓಬಳೇಶನ ಹೊಲದ ನಟ್ಟನಡುವೆ ಒಂದು ಬಂಡೆಗುಂಡು ಇತ್ತು. ಎಮ್ಮೆಯೊಂದು ಮಲಗಿ ಮತ್ತೆ ಏಳುವುದನ್ನೇ ಮರೆತಂತೆ ಕಾಣುತ್ತಿತ್ತು. ಬಂದು ಕೂತದ್ದು ಹೊರಡುವ ಮಾತೇ ಆಡದ ಕಾರಣ ಊರಿನವರು ಅದಕ್ಕೆ ಬೀಗರ ಗುಂಡು ಎಂದು ಹೆಸರಿಟ್ಟಿದ್ದರು. ಬಿ.ಜಿ. ಕೆರೆ ಊರಿನ ಸುತ್ತ ಕಲ್ಲಿಲ್ಲದ ಹೊಲ ಯಾರಿಗೂ ಇಲ್ಲ, ನಿಜ. ಆದರೆ ಓಬಳೇಶನ ಅಪ್ಪನ ಕಾಲದಲ್ಲಿ ಎರಡು ನೇಗಿಲು ಮುರಿದ ಈ ಗುಂಡು, ಹೋದ ವಾರ ಬಾಡಿಗೆ ಟ್ರ್ಯಾಕ್ಟರಿನ ಕಲ್ಟಿವೇಟರ್ ಹಲ್ಲನ್ನೂ ಮುರಿಯಿತು. ಅದೇ ರಾತ್ರಿ ಓಬಳೇಶನ ಮೊಬೈಲಿನಲ್ಲಿ ಒಂದು ಜಾಹೀರಾತು ಕಾಣಿಸಿಕೊಂಡಿತು: ಚಳ್ಳಕೆರೆಯಲ್ಲಿ ಹಳೇ ಕಾಲದ ಸಣ್ಣ ಚೈನ್ ಲೋಡರ್ ಮಾರಾಟಕ್ಕಿದೆ. ಟೈರಿನ ಬದಲು ಕಬ್ಬಿಣದ ಚೈನಿನ ಮೇಲೆ ನಡೆಯುವ, ಮುಂದೆ ಬಕೆಟ್ಟಿರುವ ಗಾಡಿ.

"ಒಂದು ದಿನ ಜೆಸಿಬಿ ಬಾಡಿಗೆಗೆ ಕರೆಸಿದ್ರೆ ಮುಗೀತು. ಇಡೀ ಗಾಡಿ ಯಾಕ್ರೀ?" ಎಂದು ಹೆಂಡತಿ ಸ್ವಪ್ನ ಕೇಳಿದಳು.

"ಬಾಡಿಗೆಗೆ ಕರೆಸೋನು ಬೇರೆ, ಬಾಡಿಗೆಗೆ ಹೋಗೋನು ಬೇರೆ. ಸಿದ್ದಾಪುರದ ತನಕ ಎಲ್ಲರ ಹೊಲದಾಗೂ ಕಲ್ಲೈತೆ. ನಮ್ಮ ಗಾಡಿಗೆ ಕೆಲಸಕ್ಕೇನು ಬರ?"

ಗಾಡಿಯ ಮುಂದೆ ಯಾವ ಬಣ್ಣದಲ್ಲಿ ತನ್ನ ಹೆಸರು ಬರೆಸಬೇಕು ಎಂಬುದನ್ನೂ ಅವನು ಆಗಲೇ ಯೋಚಿಸಿದ್ದ. ಯೋಚಿಸದೆ ಇದ್ದದ್ದು ದುಡ್ಡಿನ ವಿಚಾರ ಮಾತ್ರ. ಅದನ್ನು ಸ್ವಪ್ನ ಯೋಚಿಸಿದಳು. ತವರಿನಿಂದ ತಂದ ನಾಲ್ಕು ಕುರಿಯನ್ನು ಮಳೆಬಿಸಿಲೆನ್ನದೆ ಮೇಯಿಸಿ ಇಪ್ಪತ್ತೆರಡು ಮಾಡಿದ್ದಳು. ಅಷ್ಟನ್ನೂ ಮಾರಲು ಒಪ್ಪಿದಳು. ಒಪ್ಪುವಾಗ ಒಂದು ಕರಾರು ಹಾಕಿದಳು.

"ಹಿಂಗಾರಿಗೆ ಆ ಗುಂಡು ಇರೋ ಜಾಗದಾಗೆ ಹುರುಳಿ ಹಾಕಿರ್ಬೇಕು. ಇಲ್ಲಾಂದ್ರೆ ನನ್ನ ಇಪ್ಪತ್ತೆರಡು ಕುರಿ ಹಂಗೇ ತಂದು ರೊಪ್ಪದಾಗೆ ಕೂಡ್ಬೇಕು."

"ಆಯ್ತು ಮಾರಾಯ್ತಿ," ಎಂದ ಓಬಳೇಶ.

ಕುರಿ ಮಾರಿದ ದುಡ್ಡು ಕೈಗೆ ಬಂದ ಮರುದಿನ ಬೆಳಗ್ಗೆ ಏಳರ ಬಸ್ಸಿಗೆ ಅವನೊಬ್ಬನೇ ಹೊರಟಿದ್ದ. ಬಸ್ಸು ಬರುವಷ್ಟರಲ್ಲಿ ಮೂವರಾದರು. ಒಬ್ಬ ಅಜ್ಜಪ್ಪ, ವಾವೆಯಲ್ಲಿ ದೊಡ್ಡಪ್ಪ. ಐವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವನು. ಎತ್ತು ಕೊಳ್ಳಲು ಬರುವವನಿಗೆ ಗಾಡಿ ಕೊಳ್ಳಲು ಬರುವುದಿಲ್ಲವೇ ಎಂಬುದು ಅವನ ವಾದ. ಇನ್ನೊಬ್ಬ ಪಕ್ಕದ ಹೊಲದ ಚಿಕ್ಕೀರಪ್ಪ. ಹಳೇ ಗಾಡಿ ಕೊಳ್ಳುವ ಮುನ್ನ ನೋಡಬೇಕಾದ ಹತ್ತು ಅಂಶಗಳು ಎಂಬ ವಿಡಿಯೊವನ್ನು ಅವನು ರಾತ್ರಿಯೆಲ್ಲ ನೋಡಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಇಬ್ಬರ ಟಿಕೆಟ್ಟನ್ನೂ ಓಬಳೇಶನೇ ತೆಗೆದ.

ಗಾಡಿಯ ಯಜಮಾನ ಮಾರುತಿ ಚಳ್ಳಕೆರೆಯ ಹೊರವಲಯದಲ್ಲಿ ಗುಜರಿ ಇಟ್ಟುಕೊಂಡಿದ್ದ. ಕಾಂಪೌಂಡಿನ ನಾಲ್ಕೂ ಕಡೆ ತುಕ್ಕು ಹಿಡಿದ ಸಾಮಾನಿನ ರಾಶಿ. ನಡುವೆ ಅಮ್ಮನ ಒಂದು ಕಟ್ಟೆ; ಅರಿಶಿಣ ಬಳಿದ ಕಲ್ಲು, ಪಕ್ಕದಲ್ಲಿ ಮೊಣಕಾಲೆತ್ತರದ ಬೇವಿನ ಸಸಿ. ಕಟ್ಟೆಯ ಸುತ್ತ ಒಂದು ಗಾಡಿ ಓಡಾಡುವಷ್ಟೇ ಜಾಗ. ಆ ಜಾಗದಲ್ಲಿ ಹಳದಿ ಬಣ್ಣದ ಚೈನ್ ಲೋಡರ್ ನಿಂತಿತ್ತು. ಓಬಳೇಶನಿಗೆ ಅದನ್ನು ನೋಡಿದೊಡನೆ ಮನಸ್ಸು ತುಂಬಿ ಬಂತು. ಹೆಣ್ಣು ನೋಡಲು ಹೋದಾಗಲೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ.

"ನಾನು ಹುಟ್ಟೋಕೆ ಮುಂಚೆ ಹುಟ್ಟಿರೋ ಗಾಡಿ ಸಾರ್," ಎಂದ ಮಾರುತಿ. "ಬಳ್ಳಾರಿ ಕಡೆ ಗಣಿಯಾಗೆ ದುಡಿದಿದ್ದು. ಈಗಿನ ಗಾಡಿಗಳಂಗೆ ತಗಡಲ್ಲ. ಎಲ್ಲಾ ಗಟ್ಟಿ ಕಬ್ಬಿಣ."

ಪರೀಕ್ಷೆ ಶುರುವಾಯಿತು. ಅಜ್ಜಪ್ಪ ಗಾಡಿಯ ಸುತ್ತ ಒಂದು ಸಲ ಬಂದ, ಪಕ್ಕೆಗೆ ಎರಡೇಟು ಬಡಿದ, ಬಗ್ಗಿ ಚೈನು ಎಳೆಯುವ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದ.

"ಹಲ್ಲು ಸವೆದೈತೆ. ಆದ್ರೆ ಇನ್ನೂ ಮೂರ್ನಾಲ್ಕು ವರ್ಷ ಮೇಯ್ತೈತೆ ಬಿಡು," ಎಂದು ತೀರ್ಪು ಕೊಟ್ಟ.

ಚಿಕ್ಕೀರಪ್ಪ ತನ್ನ ಚೀಟಿ ಬಿಚ್ಚಿದ. ಇಂಜಿನ್ನು ಮುಟ್ಟಿ ನೋಡಿದ, ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟಿಲ್ಲ, ಒಂದನೇ ಅಂಶ ಪಾಸು. ಆಯಿಲ್ ಕಡ್ಡಿ ಎಳೆದು ಮೂಸಿದ. ಚೈನನ್ನು ಕಾಲಿನಿಂದ ಒತ್ತಿ ಬಿಗಿ ನೋಡಿದ. ಬಕೆಟ್ಟಿನ ಪೈಪುಗಳ ಕೆಳಗೆ ಕೈ ಹಾಕಿ ಎಣ್ಣೆ ಸೋರುತ್ತಿದೆಯೇ ಎಂದು ತಡಕಿದ. ಒಂದು ಜೋಡು ಬಿಟ್ಟರೆ ಎಲ್ಲವೂ ಒಣಗಿತ್ತು. ಮಾರುತಿ ಸ್ಟಾರ್ಟ್ ಮಾಡಿದ. ಎರಡನೇ ಸಲಕ್ಕೆ ಇಂಜಿನ್ನು ಹತ್ತಿಕೊಂಡಿತು, ಬಕೆಟ್ಟು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಓಬಳೇಶ ಮೂರೂ ಸಲ ತಲೆಯಾಡಿಸಿದ.

"ಈಗ ಓಡಿಸಿ ತೋರಿಸ್ತೀನಿ," ಎಂದ ಮಾರುತಿ, ಚಪ್ಪಲಿ ಬಿಟ್ಟು ಗಾಡಿ ಹತ್ತಿದ. ಕಟ್ಟೆಯ ಕಡೆ ಕೈ ಮುಗಿದು, ಅಮ್ಮನನ್ನು ಬಲಗಡೆಗೆ ಇಟ್ಟುಕೊಂಡು ಮೂರು ಪ್ರದಕ್ಷಿಣೆ ಹಾಕಿದ. ಗಾಡಿ ಬೆಣ್ಣೆಯ ಹಾಗೆ ತಿರುಗಿತು.

"ಇದು ದಿನಾ ಹಿಂಗೇ. ಅಮ್ಮನಿಗೆ ಸುತ್ತು ಹಾಕ್ದೆ ನಾನು ಈ ಗಾಡಿಯಿಂದ ಏನೂ ಕೆಲಸ ಮಾಡ್ಸಲ್ಲ."

"ಎಂಥಾ ಭಕ್ತಿ!" ಎಂದ ಅಜ್ಜಪ್ಪ.

ಚಿಕ್ಕೀರಪ್ಪ ಚೀಟಿಯ ಕೊನೆಗೆ ಬಂದಿದ್ದ. "ಹತ್ತನೇದು. ಎಡಕ್ಕೊಂದ್ಸಲ, ಬಲಕ್ಕೊಂದ್ಸಲ, ಎರಡೂ ಕಡೆ ತಿರುಗಿಸಿ ನೋಡಿ ಅಂತೈತೆ."

ಅಜ್ಜಪ್ಪನಿಗೆ ರೇಗಿಹೋಯಿತು. "ಲೇ, ಬುದ್ಧಿ ಐತೇನೋ ನಿಂಗೆ? ಅಮ್ಮನ ಕಟ್ಟೆಗೆ ಎಡಸುತ್ತು ಹಾಕಿಸ್ತೀಯಾ?"

ಚಿಕ್ಕೀರಪ್ಪ ಗಾಬರಿಯಿಂದ ಎರಡೂ ಕೆನ್ನೆ ಬಡಿದುಕೊಂಡ. ಮಾರುತಿ ಮಾತ್ರ ಶಾಂತವಾಗಿದ್ದ.

"ನೀವು ಹೇಳಿದ್ರೆ ಹಾಕ್ತೀನಿ ಸಾರ್. ನನಗೇನು? ಅಮ್ಮನ ಸಿಟ್ಟು ಬಂದ್ರೆ ಹಾಕಿಸಿದೋರ ಮನೆಗೆ ಬರ್ತೈತೆ."

ಮೂವರೂ ಒಟ್ಟಿಗೆ ಬೇಡ ಬೇಡ ಎಂದರು. ಅಷ್ಟರಲ್ಲಿ ಮಾರುತಿಯ ಫೋನು ಬಡಿದುಕೊಂಡಿತು. "ಹಾಂ, ಚಿಕ್ಕಬಸಪ್ಪನೋರೇ. ಮೊಳಕಾಲ್ಮೂರಿಂದ ಹೊರಟೇಬಿಟ್ರಾ? ಇಲ್ಲಿ ಒಬ್ರು ನೋಡ್ತಾ ಅವ್ರೆ. ಅವರು ಬಿಟ್ರೆ ನಿಮಗೇ," ಎಂದು ಎಲ್ಲರಿಗೂ ಕೇಳುವಂತೆ ಮಾತಾಡಿದ. ಓಬಳೇಶ ಸೊಂಟದ ದುಡ್ಡಿನ ಗಂಟಿಗೆ ಕೈ ಹಾಕಿದ. ತನ್ನ ಗಾಡಿಯನ್ನು ಯಾವನೋ ಚಿಕ್ಕಬಸಪ್ಪ ಹೊಡೆದುಕೊಂಡು ಹೋಗುವುದೆಂದರೇನು? ಅಲ್ಲೇ ದುಡ್ಡು ಕೊಟ್ಟು ವ್ಯಾಪಾರ ಮುಗಿಸಿದ. ಹೊರಡುವಾಗ ಅಜ್ಜಪ್ಪನ ಬೆನ್ನ ತುಂಬ ಸುಣ್ಣ ಮೆತ್ತಿಕೊಂಡಿತ್ತು. ಕಟ್ಟೆಗೆ ಒರಗಿ ಕೂತಿದ್ದನಲ್ಲ. ಅದು ಹಸಿ ಸುಣ್ಣ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಲಾರಿಯ ಮೇಲೆ ಗಾಡಿ ಊರಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಹೊಲದ ಹತ್ತಿರ ರಸ್ತೆಯ ಮಗ್ಗುಲಲ್ಲಿದ್ದ ಮಣ್ಣಿನ ದಿಬ್ಬಕ್ಕೆ ಲಾರಿ ಹಚ್ಚಿ ಗಾಡಿಯನ್ನು ನೇರ ಕೆಳಗಿಳಿಸಿದರು. ರಸ್ತೆಯ ಎಡಕ್ಕೆ ಓಬಳೇಶನ ಹೊಲ, ಬಲಕ್ಕೆ ಚಿಕ್ಕೀರಪ್ಪನ ಶೇಂಗಾ. ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಿದ್ದ ಓಬಳೇಶ ಸೀಟಿನಲ್ಲಿ ಕೂತು, ಮಾರುತಿ ತೋರಿಸಿಕೊಟ್ಟಿದ್ದಂತೆ ಎಡಗಡೆಯ ಲಿವರ್ ಎಳೆದ. ಗಾಡಿ ನೇರ ಹೋಯಿತು. ಇನ್ನೂ ಜೋರಾಗಿ ಎಳೆದ. ಗಾಡಿ ಇನ್ನೂ ನೇರ ಹೋಯಿತು. ಎದ್ದು ನಿಂತು ಎರಡೂ ಕೈಯಿಂದ ಎಳೆದ. ಗಾಡಿಗೆ ಆ ಕಡೆಯ ಪರಿವೆಯೇ ಇರಲಿಲ್ಲ. ಬಲಗಡೆಯ ಲಿವರನ್ನು ಬೆರಳಿನಿಂದ ಮುಟ್ಟಿದ್ದೇ ತಡ, ಸರಕ್ಕನೆ ಬಲಕ್ಕೆ ತಿರುಗಿತು.

"ಲೇ ಲೇ ಲೇ! ನನ್ನ ಶೇಂಗಾ!" ಎಂದು ಚಿಕ್ಕೀರಪ್ಪ ಕಿರುಚಿದ.

ಎಡಕ್ಕೆ ಹೋಗಲು ಇನ್ನು ಒಂದೇ ದಾರಿ, ಬಲಕ್ಕೆ ಮುಕ್ಕಾಲು ಸುತ್ತು. ಆ ಮುಕ್ಕಾಲು ಸುತ್ತು ಪೂರ್ತಿ ಶೇಂಗಾದ ಮೇಲೆಯೇ ಆಯಿತು. ರಸ್ತೆ ದಾಟಿ ಹೊಲಕ್ಕೆ ನುಗ್ಗಿದ ಓಬಳೇಶ, ಆಗಿದ್ದಾಗಲಿ ಎಂದು ನೇರ ಬೀಗರ ಗುಂಡಿಗೆ ಬಕೆಟ್ಟು ಕೊಟ್ಟ. ಗುಂಡು ಮಿಸುಕಲಿಲ್ಲ. ಗಾಡಿಯ ಮೂತಿ ನೆಲಕ್ಕೆ ಹತ್ತಿ ಹಿಂಭಾಗ ಮೇಲಕ್ಕೆದ್ದಿತು. ಎರಡೂ ಮಗ್ಗುಲಿನ ಮಣ್ಣು ಬಿಡಿಸದೆ ಅಂಥ ಗುಂಡು ಏಳುವುದಿಲ್ಲ, ಒಂದೇ ಕಡೆ ತಿರುಗುವ ಗಾಡಿಯಿಂದ ಎರಡೂ ಮಗ್ಗುಲು ಬಿಡಿಸಲು ಆಗುವುದಿಲ್ಲ.

ಓಬಳೇಶ ಮಾರುತಿಗೆ ಫೋನ್ ಮಾಡಿದ.

"ಗಾಡಿ ಎಡಕ್ಕೆ ತಿರುಗಲ್ಲ ಕಣ್ರೀ!"

"ಹೌದು ಸಾರ್. ನಿಂತು ನಿಂತು ಎಡಗಡೆ ಕ್ಲಚ್ಚು ತುಕ್ಕು ಹಿಡಿದು ಕಚ್ಕೊಂಡೈತೆ. ಆ ಸಾಮಾನು ಈಗ ಎಲ್ಲೂ ಸಿಗಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ. ತಿರುಗಿಸ್ತೀನಿ ಅಂದೆ, ಬ್ಯಾಡ ಅಂದೋರು ನೀವೇ."

ಅಜ್ಜಪ್ಪನ ಬೆನ್ನಿನ ಸುಣ್ಣ ಓಬಳೇಶನ ಕಣ್ಣಿಗೆ ಬಿತ್ತು. "ಆ ಕಟ್ಟೆ ಯಾವಾಗ ಕಟ್ಟಿಸಿದ್ದು?"

"ಗಾಡಿ ತಂದ ಮಾರನೇ ವಾರ. ಸುಣ್ಣ ಬಳಿದಿದ್ದು ನಿನ್ನೆ," ಎಂದ ಮಾರುತಿ ಯಾವ ಸಂಕೋಚವೂ ಇಲ್ಲದೆ. "ನನಗೂ ಯಾರೋ ಹಿಂಗೇ ಮಾರಿದ್ರು ಸಾರ್. ಆ ಚಿಕ್ಕಬಸಪ್ಪನೋರು ಗಾಡಿ ಹೋಯ್ತು ಅಂತ ಅರ್ಧ ದಾರಿಯಿಂದ ವಾಪಸ್ ಹೋಗವ್ರೆ, ನಂಬರು ಕಳಿಸ್ತೀನಿ. ಮುಂದಿನದು ನಿಮಗೆ ಬಿಟ್ಟಿದ್ದು."

ಇಪ್ಪತ್ತೆರಡು ಕುರಿಗಳೂ ಓಬಳೇಶನ ಕಣ್ಣ ಮುಂದೆ ಸಾಲಾಗಿ ನಡೆದುಹೋದವು. ಅವನು ಕೆಟ್ಟವನಲ್ಲ. ಆದರೆ ಸ್ವಪ್ನಳ ಮುಖ ನೆನೆಸಿಕೊಂಡರೆ ಯಾರಿಗಾದರೂ ಸ್ವಲ್ಪ ಕೆಟ್ಟ ಬುದ್ಧಿ ಬರುತ್ತದೆ. ಚಿಕ್ಕಬಸಪ್ಪನಿಗೆ ಫೋನ್ ಮಾಡಿ, ಗಾಡಿ ತನ್ನಲ್ಲಿದೆ, ಕೊಡುವ ಮನಸ್ಸಿದೆ, ಬಂದು ನೋಡಿ ಎಂದ. ಮನೆಗೆ ಓಡಿ ಅಡುಗೆಮನೆಯ ಅರಿಶಿಣದ ಡಬ್ಬಿ ತಂದ. ಹೊಲದಲ್ಲಿ ಗಾಡಿ ಸುತ್ತು ಹಾಕಲು ಅನುಕೂಲವಾಗಿ ನಡುವೆ ಇದ್ದದ್ದು ಒಂದೇ ಕಲ್ಲು. ಬೀಗರ ಗುಂಡಿಗೆ ಡಬ್ಬಿ ಪೂರ್ತಿ ಬಳಿದು, ಕುಂಕುಮ ಇಟ್ಟು, ಒಂದು ಹಿಡಿ ಬೇವಿನ ಸೊಪ್ಪು ಸಿಕ್ಕಿಸಿದ. ಅಜ್ಜಪ್ಪ ಮತ್ತು ಚಿಕ್ಕೀರಪ್ಪ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟರು. ಗಾಡಿ ಮಾರಿದರೆ ಶೇಂಗಾಕ್ಕೆ ಪರಿಹಾರ ಸಿಗುತ್ತದೆ ಎಂದು ಚಿಕ್ಕೀರಪ್ಪನಿಗೆ ಗೊತ್ತಿತ್ತು.

ಐದು ಗಂಟೆಗೆ ಚಿಕ್ಕಬಸಪ್ಪ ಬೈಕಿನಲ್ಲಿ ಬಂದ. ಬಿಳಿ ಅಂಗಿಯ, ಹಣೆಗೆ ವಿಭೂತಿ ಹಚ್ಚಿದ ಗಂಭೀರ ಮನುಷ್ಯ. ಹಲ್ಲು ನೋಡಿದ, ಚೈನು ಒತ್ತಿದ. ಓಬಳೇಶ ಚಪ್ಪಲಿ ಬಿಟ್ಟು ಗಾಡಿ ಹತ್ತಿ, ಕೈ ಮುಗಿದು, ಗುಂಡಿಗೆ ಮೂರು ಪ್ರದಕ್ಷಿಣೆ ಹಾಕಿದ. ಚಿಕ್ಕಬಸಪ್ಪ ಗುಂಡಿಗೂ ಒಂದು ನಮಸ್ಕಾರ ಹಾಕಿ, "ಬಾಗುಂದಿ, ಚಾಲಾ ಬಾಗುಂದಿ. ಕೊಡೋ ರೇಟು ಹೇಳ್ರಿ," ಎಂದು ತೆಲುಗು ಬೆರೆಸಿ ಮೆಚ್ಚಿಕೊಂಡು ಅಂಗಿಯ ಒಳಜೇಬಿಗೆ ಕೈ ಹಾಕಿದ. ಓಬಳೇಶನ ಮನಸ್ಸಿನಲ್ಲಿ ಹತ್ತು ಕುರಿ ಆಗಲೇ ರೊಪ್ಪಕ್ಕೆ ವಾಪಸು ಬಂದಿದ್ದವು.

ಆಗ ರಸ್ತೆಯಲ್ಲಿ "ಅಯ್ಯೋ ನಮ್ಮವ್ವಾ!" ಎಂಬ ಕೂಗು ಕೇಳಿಸಿತು. ಚಿಕ್ಕೀರಪ್ಪನ ಅವ್ವ ಪಾಲಮ್ಮ, ಹಿಂದೆ ಕಳೆ ತೆಗೆದು ಬರುತ್ತಿದ್ದ ಏಳೆಂಟು ಹೆಂಗಸರು. ಅವಳಿಗೆ ಮಾತ್ರ ಯಾರೂ ಏನನ್ನೂ ಹೇಳಿರಲಿಲ್ಲ.

"ನಲವತ್ತು ವರ್ಷದಿಂದ ಬಡ್ಕೊಂಡೆ, ಆ ಗುಂಡಿನಾಗೆ ಏನೋ ಐತೆ ಅಂತ! ಎರಡು ನೇಗಿಲು ಮುರೀತು, ಟ್ರ್ಯಾಕ್ಟ್ರು ಹಲ್ಲು ಮುರೀತು. ಯಾರಾದ್ರೂ ನಂಬಿದ್ರಾ? ಈಗ ನೋಡ್ರಿ, ಗಾಡಿ ತಾನೇ ತಿಳ್ಕೊಂಡು ಮೂರು ಸುತ್ತು ಹಾಕೈತೆ!"

"ಅವ್ವಾ, ಸುಮ್ಕಿರು," ಎಂದ ಚಿಕ್ಕೀರಪ್ಪ.

"ಯಾಕೆ ಸುಮ್ಕಿರ್ಲಿ? ಮಧ್ಯಾಹ್ನ ನಾನೇ ಮರದ ಕೆಳಗೆ ಕುಂತು ನೋಡ್ದೆ. ಬಂದಿದ್ದೇ ಮೂಗು ನೆಲಕ್ಕೆ ಹಚ್ಚಿ ಅಡ್ಡಬಿತ್ತು. ನಮ್ಮ ಶೇಂಗಾದಾಗೂ ಬಲಕ್ಕೇ ಸುತ್ತು ಬಂತು. ಎಡಕ್ಕೆ ತಿರುಗು ತಿರುಗು ಅಂತ ಇವನು ಎದ್ದು ನಿಂತು ಎಳೆದ್ರೂ ತಿರುಗ್ಲಿಲ್ಲ. ಅಮ್ಮನ ಎದುರಿಗೆ ಎಡಸುತ್ತು ಹಾಕೋಕೆ ಅದಕ್ಕೇನು ಇವನಂಗೆ ತಲೆ ಕೆಟ್ಟೈತಾ?"

ಹೆಂಗಸರೆಲ್ಲ ಕೈ ಮುಗಿದರು. ಚಿಕ್ಕಬಸಪ್ಪನ ಕೈ ಒಳಜೇಬಿನಿಂದ ಖಾಲಿಯಾಗಿ ಹೊರಗೆ ಬಂತು.

"ಅಜ್ಜಿ, ಅರಿಶಿಣ ನಾನೇ ಬಳಿದಿದ್ದು!" ಓಬಳೇಶ ಅಳುವ ದನಿಯಲ್ಲಿ ನಿಜ ಹೇಳಿಬಿಟ್ಟ. "ಈಗ, ಎರಡು ಗಂಟೆ ಹಿಂದೆ!"

"ನೀನು ಬಳಿದೆ, ಸರಿ," ಎಂದಳು ಪಾಲಮ್ಮ. "ನಿನ್ನ ಕೈಯಾಗೆ ಬಳಿಸಿದ್ಯಾರು?"

ಓಬಳೇಶ ಅಜ್ಜಪ್ಪನ ಮುಖ ನೋಡಿದ. ಅಜ್ಜಪ್ಪನೂ ಕೆನ್ನೆ ಬಡಿದುಕೊಳ್ಳುತ್ತಿದ್ದ.

ಚಿಕ್ಕಬಸಪ್ಪ ಹತ್ತು ರೂಪಾಯಿ ಗುಂಡಿನ ಮುಂದೆ ಇಟ್ಟು, "ಅಮ್ಮವಾರಿ ಬಂಡಿ ನನಗೆ ವದ್ದಪ್ಪಾ, ಬ್ಯಾಡ. ಮನೆಯಾಗೆ ಹೆಂಡ್ತಿ ಮಕ್ಕಳವ್ರೆ," ಎಂದು ಬೈಕ್ ಹತ್ತಿದ. ತಿರುಗಿ ನೋಡದೆ ಹೋದ.

"ಇನ್ಮೇಲೆ ಮಂಗಳವಾರ ಮಂಗಳವಾರ ಗಾಡಿ ಸುತ್ತು ಹಾಕ್ಬೇಕು," ಎಂದಳು ಪಾಲಮ್ಮ. "ಕಾಯಿ, ಕರ್ಪೂರ ನಮ್ದು. ಡೀಸೆಲ್ಲು ನಿಂದು. ಈ ಕಲ್ಲಿಗೆ ಯಾರೂ ಹಾರೆ ತಾಗಿಸ್ಬಾರ್ದು."

ಅಷ್ಟರಲ್ಲಿ ಸ್ವಪ್ನ ಬಂದಳು. ಅಡುಗೆಗೆ ಅರಿಶಿಣ ಹುಡುಕಿ, ಡಬ್ಬಿಯ ಜಾಡು ಹಿಡಿದು ಬಂದಿದ್ದಳು. ಹಳದಿ ಗುಂಡು ನೋಡಿದಳು, ಹಳದಿ ಗಾಡಿ ನೋಡಿದಳು, ಹಳದಿ ಕೈಯ ಗಂಡನನ್ನು ನೋಡಿದಳು.

"ಹುರುಳಿ ಎಲ್ಲಿ ಹಾಕ್ತೀರಿ?" ಎಂದು ಮೆಲ್ಲಗೆ ಕೇಳಿದಳು. ಅವಳು ಬೈದಿದ್ದರೆ ಓಬಳೇಶನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವನು ಗಾಡಿ ಹತ್ತಿ ಸ್ಟಾರ್ಟ್ ಮಾಡಿದ. ಮೊದಲು ಮನೆಗೆ ಹೋಗಿ ತಲೆ ಮರೆಸಿಕೊಂಡರೆ ಸಾಕಾಗಿತ್ತು. ಮನೆಯ ದಾರಿ ಎಡಕ್ಕಿತ್ತು. ಬಲಗಡೆಯ ಲಿವರ್ ಎಳೆದ. ಗಾಡಿ ಗುಂಡನ್ನು ಬಳಸಿ ತಿರುಗಿತು; ಗಾಬರಿಯಲ್ಲಿ ಮನೆಯ ದಾರಿ ತಪ್ಪಿ, ಮತ್ತೆ ಶುರು ಮಾಡಿದಲ್ಲಿಗೇ ಬಂದು ನಿಂತಿತು.

ಹೆಂಗಸರು ಮತ್ತೊಮ್ಮೆ ಕೈ ಮುಗಿದರು. ಪಾಲಮ್ಮ ಮಾತ್ರ ಬೆರಳು ಎಣಿಸಿ ಗಾಬರಿಯಾದಳು.

"ನಾಲ್ಕಕ್ಕೆ ನಿಲ್ಲಿಸ್ಬಾರ್ದು ಕಣಪ್ಪಾ, ಸುತ್ತು ಬೆಸ ಇರ್ಬೇಕು, ಐದು ಮಾಡು," ಎಂದು ಕೂಗಿದಳು.

ಓಬಳೇಶ ಬಲಗಡೆಯ ಲಿವರ್ ಎಳೆದ.