ಅಮ್ಮ ಕೆರೆಗೆ ಬಿಟ್ಟ ಮೀನು

ನಿಮ್ಮ ಉದ್ಯೋಗವೇನು ಎಂದು ಯಾರಾದರೂ ಕೇಳಿದರೆ ಈಚೆಗೆ ನನಗೆ ಉತ್ತರ ಹೇಳುವುದಕ್ಕಿಂತ ಒಂದು ಲೋಟ ನೀರು ಕುಡಿದು ಸುಮ್ಮನೆ ಕೂರೋಣ ಅನ್ನಿಸುತ್ತದೆ. ಮೇಷ್ಟ್ರು ಎಂದವನನ್ನು ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಬ್ಯಾಂಕು ಎಂದರೆ ಯಾವ ಬ್ರಾಂಚು ಎಂದು ಕೇಳಿ ಬಿಟ್ಟುಬಿಡುತ್ತಾರೆ. ನಾನು ಸರ್ಕಾರದ ಮೀನು ತಜ್ಞ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳಲ್ಲಿ ಈ ಸೀಮೆಯ ಹಳೆಯ ಮೀನುಗಳು ಉಳಿದಿವೆಯೇ ಎಂದು ನೋಡುವವರ ಮೇಲ್ವಿಚಾರಕ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರು ನಗಲು ಶುರು ಮಾಡಿರುತ್ತಾರೆ. ಕೋಲಾರದಲ್ಲಿ ನೀರೇ ಇಲ್ಲ, ಮೀನೆಲ್ಲಿ ಬಂತು ಎನ್ನುತ್ತಾರೆ. ನಗು ಮುಗಿದ ಮೇಲೆ ದನಿ ತಗ್ಗಿಸಿ, ಯಾವ ಮೀನು ರುಚಿ ಸಾರ್ ಎಂದು ಕೇಳುತ್ತಾರೆ. ನಾನು ಮುಳಬಾಗಿಲಿನ ಮಡಿ ಮನೆತನದವನು, ಈರುಳ್ಳಿಯನ್ನೇ ಮದುವೆಯಾದ ಮೇಲೆ ತಿನ್ನಲು ಕಲಿತವನು ಎಂದರೆ, ಸರ್ಕಾರಕ್ಕೆ ಬೇರೆ ಯಾರೂ ಸಿಗಲಿಲ್ಲವೇ ಎಂಬಂತೆ ನೋಡುತ್ತಾರೆ. ಅದು ನನ್ನದೂ ಸಂದೇಹವೇ.

ನೀರಿಲ್ಲ ಎಂದವರ ಮಾತು ಒಂದು ಕಾಲಕ್ಕೆ ನಿಜವೂ ಆಗಿತ್ತು. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಪರಿಶೀಲನೆಗೆ ಹೋದ ಎಷ್ಟೋ ಕೆರೆಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಏರಿಯ ಮೇಲೆ ನಿಂತು ನಾನು ಸ್ಕೋರು ಕೇಳಿಕೊಂಡು ವಾಪಸಾಗುತ್ತಿದ್ದೆ. ಆಮೇಲೆ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ನಮ್ಮ ಕಡೆ ಹರಿಸಿದರು, ಒಂದೆರಡು ಒಳ್ಳೆಯ ಮಳೆಯೂ ಬಂತು, ಕೆರೆಗಳು ತುಂಬಿದವು. ಎಲ್ಲರಿಗೂ ಸಂತೋಷವಾಯಿತು, ನನಗೆ ಕೆಲಸ ಹತ್ತಿಕೊಂಡಿತು. ನೀರು ಬಂದ ಕಡೆಗೆ ಕಂಡ ಕಂಡ ಮೀನೂ ಬರುತ್ತದೆ. ಅದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಮನೆಗಳ ಗಾಜಿನ ತೊಟ್ಟಿಯಲ್ಲಿ ಪಾಚಿ ತಿನ್ನಲೆಂದು ಸಾಕುವ, ಅಂಗಡಿಯವರು ಟ್ಯಾಂಕ್ ಕ್ಲೀನರ್ ಎನ್ನುವ ಮೀನು. ಬೆರಳುದ್ದ ಇದ್ದಾಗ ಮುದ್ದಾಗಿರುತ್ತದೆ. ಮೊಳದುದ್ದ ಬೆಳೆದು ತೊಟ್ಟಿಯಲ್ಲಿ ಹೊರಳಲು ಜಾಗವಿಲ್ಲದಾದಾಗ ಜನ ಅದನ್ನು ತಂದು ಕೆರೆಗೆ ಬಿಡುತ್ತಾರೆ. ಮೈಮೇಲೆಲ್ಲ ಮುಳ್ಳು ಹಲಗೆ. ಬಲೆ ಹರಿಯುತ್ತದೆ, ದಡ ಕೊರೆಯುತ್ತದೆ, ನಮ್ಮ ಕೊರವ, ಗಿರ್ಲು, ಪಕ್ಕೆ ಮೀನುಗಳ ಮೊಟ್ಟೆಯನ್ನು ಪಾಚಿಯ ಜೊತೆಗೇ ಗುಡಿಸಿ ಹಾಕುತ್ತದೆ. ಆಂಧ್ರದ ಗಡಿಯ ಕಡೆಯ ಬಲೆಗಾರರು ಅದಕ್ಕೆ ದೆಯ್ಯಂ ಚೇಪ ಎನ್ನುತ್ತಾರೆ, ದೆವ್ವದ ಮೀನು ಎಂದು.

ಈ ದೆವ್ವದ ವಿರುದ್ಧ ನಾನು ಊರೂರು ತಿರುಗಿ ಭಾಷಣ ಮಾಡಿದ್ದೇನೆ. ನರಸಾಪುರದಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದವರಿಗೆ ಹೇಳಿದೆ. ಅವರು ಬಸ್ಸು ಬರುವವರೆಗೆ ಕೇಳಿದರು. ಶ್ರೀನಿವಾಸಪುರದಲ್ಲಿ ಮಾವು ಹೂ ಬಿಡುವ ಹೊತ್ತಿಗೆ ಸಭೆ ಕರೆದ ತಪ್ಪಿಗೆ ಬಂದವರೆಲ್ಲ ಹೂವು ಉದುರುವ ರೋಗಕ್ಕೆ ಔಷಧಿ ಕೇಳಿದರು. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಮಾತ್ರ ಜನ ಗಮನವಿಟ್ಟು ಕೇಳಿದರು. ಆ ಹಳೆಯ ಕೆರೆಯಲ್ಲಿ ಕೊರವ ಇನ್ನೂ ತಾನಾಗಿ ಮರಿ ಮಾಡುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ ನಾನು ತೋರಿಸಿಕೊಳ್ಳಬಹುದಾದದ್ದು ಅದೊಂದೇ. ಹಾಗಾಗಿ ಅಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಈ ಮೀನು ಕಂಡರೆ ನೀರಿಗೆ ವಾಪಸ್ ಬಿಡಬೇಡಿ, ಕೊಂದು ಹೂತುಬಿಡಿ, ತಂದು ಬಿಟ್ಟವರು ಯಾರೆಂದು ತಿಳಿದರೆ ನನಗೆ ತಿಳಿಸಿ ಎಂದೆ. ಕೆರೆಯ ಮೀನು ಗುತ್ತಿಗೆ ಹಿಡಿದಿರುವ ಅಕ್ರಂ ಪಾಷಾ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ. ಚಪ್ಪಾಳೆ ಕೂಡ ಬಿತ್ತು. ನನ್ನ ನೌಕರಿಯಲ್ಲಿ ಚಪ್ಪಾಳೆ ಅಪರೂಪ, ಅದಕ್ಕೇ ನೆನಪಿದೆ.

ಅದೇ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ನಡುಮನೆಯ ಗಾಜಿನ ತೊಟ್ಟಿ ಯಾಕೋ ದೊಡ್ಡದಾಗಿ ಕಂಡಿತು. ಹೌದು, ನಮ್ಮ ಮನೆಯಲ್ಲೂ ಒಂದು ತೊಟ್ಟಿಯಿದೆ. ಸಹೋದ್ಯೋಗಿಯೊಬ್ಬರು ವರ್ಗವಾಗಿ ಹೋಗುವಾಗ ಲಾರಿಯಲ್ಲಿ ಒಡೆಯುತ್ತದೆಂದು ಮೀನು ಸಮೇತ ನನಗೆ ಕೊಟ್ಟು ಹೋದದ್ದು. ಬಣ್ಣದ ಮೀನುಗಳು ಒಂದೊಂದಾಗಿ ಸತ್ತು, ಉಳಿದದ್ದು ಬಾಲ ಸೀಳಿದ ಆ ಟ್ಯಾಂಕ್ ಕ್ಲೀನರ್ ಒಂದೇ. ಸಿಕ್ಕಿದ್ದು ತಿಂದುಕೊಂಡು ಗಾಜಿಗೆ ಅಂಟಿಕೊಂಡು ಯಾರ ತಂಟೆಗೂ ಹೋಗದ ಅದನ್ನು ಅಮ್ಮ ಸನ್ಯಾಸಿ ಎಂದು ಕರೆಯುತ್ತಿದ್ದಳು. ಮನೆಯಲ್ಲಿದ್ದರೆ ಅದರಿಂದ ಯಾರಿಗೂ ತೊಂದರೆಯಿಲ್ಲ, ಇದನ್ನೂ ನಾನು ಭಾಷಣದಲ್ಲಿ ಹೇಳುತ್ತಿದ್ದೆ. ಈಗ ನೋಡಿದರೆ ತೊಟ್ಟಿ ಖಾಲಿ.

"ಅಮ್ಮ, ಸನ್ಯಾಸಿ ಎಲ್ಲಿ?" ಎಂದೆ.

"ನೀನು ಕ್ಯಾಂಪಿಗೆ ಹೋಗಿದ್ದಾಗ ಏಕಾದಶಿ ಬಂತಲ್ಲ, ಅವತ್ತು ಆಟೋ ಮಾಡ್ಕೊಂಡು ಹೋಗಿ ದೇವರಾಯಸಮುದ್ರದ ಕೆರೇಲಿ ಬಿಟ್ಟು ಬಂದೆ ಕಣೋ," ಅಮ್ಮ ಬತ್ತಿ ಹೊಸೆಯುತ್ತಲೇ ಹೇಳಿದಳು. "ನೀನು ದಿನಾ ಎಷ್ಟು ಜೀವ ತೆಗೀತೀಯೋ ಏನೋ. ಒಂದಾದ್ರೂ ಜೀವ ಉಳಿಸಿದ್ರೆ ನಿನ್ನ ಪಾಪದ ಲೆಕ್ಕದಲ್ಲಿ ಸ್ವಲ್ಪ ಕಡಿಮೆ ಆಗುತ್ತೆ ಅಂತ."

ಇಲ್ಲಿ ಅಮ್ಮನ ವಿಚಾರ ಸ್ವಲ್ಪ ಹೇಳಬೇಕು. ನನಗೆ ಈ ನೌಕರಿ ಸಿಕ್ಕಿದಾಗ ಬೀದಿಗೆಲ್ಲ ಸಕ್ಕರೆ ಹಂಚಿದವಳು, ಇಲಾಖೆ ಯಾವುದೆಂದು ತಿಳಿದ ದಿನದಿಂದ ಏಕಾದಶಿಗೆ ಒಪ್ಪೊತ್ತಿದ್ದದ್ದನ್ನು ಬಿಟ್ಟು ಪೂರ್ತಿ ಉಪವಾಸ ಹಿಡಿದಳು. ನೆಂಟರಿಗೆ ಇಂದಿಗೂ ನನ್ನದು ಕೆರೆ ಡಿಪಾರ್ಟ್‌ಮೆಂಟು ಎಂದೇ ಹೇಳುತ್ತಾಳೆ. ಅಂಥವಳಿಗೆ ನಾನು ಆ ಸಂಜೆ ಏನು ಹೇಳಲಿ? ನೀನು ಬಿಟ್ಟ ಒಂದು ಜೀವ ಕೆರೆಯ ಮರಿಗಳನ್ನೆಲ್ಲ ಗುಡಿಸುತ್ತಿದೆಯಮ್ಮ ಎನ್ನಲೇ? ಬಾಯಿ ತೆರೆದು ಮುಚ್ಚಿದೆ. ಹೆಂಡತಿ ಪದ್ಮ ಕಾಫಿ ತಂದಿಟ್ಟು, "ನಾನು ಬೇಡ ಅಂದೆ. ಪುಣ್ಯಕ್ಕೆ ಅಡ್ಡ ಬರಬೇಡ ಅಂದ್ರು," ಎಂದಳು.

ಆಮೇಲಿನ ದಿನಗಳಲ್ಲಿ ನಾನು ದೇವರಾಯಸಮುದ್ರಕ್ಕೆ ಹೋದಷ್ಟು ಅಲ್ಲಿಯ ಪೋಸ್ಟ್‌ಮ್ಯಾನ್ ಕೂಡ ಹೋಗಿರಲಾರ. ತೂಬಿನ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಒಂದೇ ಮೀನು, ಜೊತೆಯಿಲ್ಲದೆ ಸಂತಾನ ಬೆಳೆಯುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು. ಇನ್ನೊಬ್ಬರ ಅಮ್ಮ ಇನ್ನೊಂದನ್ನು ಬಿಟ್ಟಿದ್ದರೆ ಎಂದು ಮರುಕ್ಷಣವೇ ಬೆವರುವುದು. ಏನು ಸಾರ್ ಹುಡುಕ್ತಿದೀರಿ ಎಂದು ಪಾಷಾ ಕೇಳಿದರೆ ನೀರಿನ ಬಣ್ಣ ಎನ್ನುತ್ತಿದ್ದೆ. ಅವನೂ ನನ್ನ ಪಕ್ಕ ನಿಂತು ನೀರಿನ ಬಣ್ಣ ನೋಡುತ್ತಿದ್ದ.

ಕಡೆಗೆ ಒಂದು ಬೆಳಿಗ್ಗೆ ಪಾಷಾನ ಫೋನ್ ಬಂತು. "ಸಾರ್, ನೀವು ಹೇಳಿದ್ರಲ್ಲ ದೆಯ್ಯಂ ಚೇಪ, ಬಲೆಗೆ ಬಿದ್ದೈತೆ. ಎಲ್ಲಾ ಕಾಯ್ತಾವ್ರೆ, ಬೇಗ ಬನ್ನಿ." ಹೋಗಿ ನೋಡಿದರೆ ಏರಿಯ ಮೇಲೆ ನಮ್ಮ ಸನ್ಯಾಸಿ ಒದ್ದೆ ಗೋಣಿಯಲ್ಲಿ ಮಲಗಿದ್ದಾನೆ. ಬಾಲದ ಮೇಲಿನ ಸೀಳು ನೋಡಿದ ಕೂಡಲೇ ಗುರುತು ಹಿಡಿದೆ. ನೀರಿನಿಂದ ತೆಗೆದು ಅಷ್ಟು ಹೊತ್ತಾಗಿದ್ದರೂ ಕಿವಿರು ಆಡುತ್ತಿತ್ತು. ಪಾಷಾ ಗುಂಡಿ ತೋಡಿಸಿದ್ದ. ಬಲೆ ಎಳೆಯುವ ಮುನಿರತ್ನಪ್ಪ ಮರದ ಕೊಡತಿ ಹಿಡಿದು ನಿಂತಿದ್ದ. ಸುತ್ತ ನಿಂತವರು ಅಪರಾಧಿಯನ್ನೂ ಆಗಲೇ ಹುಡುಕಿಟ್ಟಿದ್ದರು. ನರಸಾಪುರದ ಕಂಪನಿಗಳಿಗೆ ಎಲ್ಲೆಲ್ಲಿಂದಲೋ ಬಂದವರು ರೂಮು ಖಾಲಿ ಮಾಡುವಾಗ ಹೀಗೇ ಬಿಟ್ಟು ಹೋಗುತ್ತಾರೆ, ನಮ್ಮ ಊರವರಾಗಿದ್ದರೆ ಕೆರೆಗೆ ಇಂಥ ದ್ರೋಹ ಮಾಡುತ್ತಿದ್ದರೇ ಎಂದು ಬೈಯುತ್ತಿದ್ದರು.

ಸುಮ್ಮನಿದ್ದಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ನಾನು ಸುಸ್ತಾಗಿದ್ದೆ. ಇಷ್ಟು ದಿನ ಒಬ್ಬನೇ ಹೊತ್ತು ತಿರುಗಿದ ಗುಟ್ಟು, ಅದರ ಮೇಲೆ, ಅಮ್ಮನಿಗೆ ಸಲ್ಲಬೇಕಾದ ಬೈಗುಳ ಕಂಡರಿಯದ ಯಾರೋ ಹುಡುಗರಿಗೆ. ಪಾಷಾನನ್ನು ಪಕ್ಕಕ್ಕೆ ಕರೆದು, "ಇದು ನಮ್ಮನೇದೇ ಕಣಯ್ಯ. ಅಮ್ಮ ಏಕಾದಶಿ ದಿನ ತಂದು ಬಿಟ್ಟಿದ್ದಾರೆ," ಎಂದೆ.

ಪಾಷಾ ನಗುತ್ತಾನೆ, ಇಲ್ಲವೇ ರೇಗುತ್ತಾನೆ ಎಂದುಕೊಂಡಿದ್ದೆ. ಅವನು ಮುಖ ಗಂಭೀರ ಮಾಡಿಕೊಂಡ. "ಅಮ್ಮೋರು ಪುಣ್ಯಕ್ಕೆ ಬಿಟ್ಟಿದ್ದಾ? ಮೊದ್ಲೇ ಹೇಳೋದಲ್ವಾ ಸಾರ್. ಹರಕೆ ಜೀವ ನಾವು ಮುಟ್ಟಲ್ಲ. ನಮ್ಮ ಅಮ್ಮೀಗೆ ಗೊತ್ತಾದ್ರೆ ಮನೇಗೇ ಸೇರ್ಸಲ್ಲ." ಅವನು ತಿರುಗಿ ಎಲ್ಲರಿಗೂ ವಿಷಯ ಹೇಳಿದ್ದೇ ತಡ, ಮುನಿರತ್ನಪ್ಪ ಕೊಡತಿಯನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ದೇವುಡಿ ಪೇರು ಮೀದ ವದಿಲಿಂದಿ ಸಾರ್, ಮಾಕೊದ್ದು," ಎಂದ. ದೇವರ ಹೆಸರಲ್ಲಿ ಬಿಟ್ಟದ್ದು ನಮಗೆ ಬೇಡ ಎಂದು. ದಿನಾ ಬುಟ್ಟಿಗಟ್ಟಲೆ ಮೀನು ಹಿಡಿಯುವವರು ಇವರು. ಒಬ್ಬೊಬ್ಬರೂ ಕೈ ಒರೆಸಿಕೊಂಡು, ತಜ್ಞರು ನೀವು, ನೀವೇ ಮಾಡಿ ಎಂಬಂತೆ ನನ್ನ ಮುಖ ನೋಡಿದರು. ನಾನು ಕೊಡತಿ ಎತ್ತಿಕೊಂಡೆ. ಸನ್ಯಾಸಿ ಬಾಯಿ ತೆರೆದು ಮುಚ್ಚಿದ. ಕೊಡತಿ ಕೆಳಗಿಟ್ಟೆ. ಅದರ ತೂಕ ನಾನೆಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಪಾಷಾ ಒಂದು ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿ ಮೀನನ್ನು ನನ್ನ ಜೀಪಿನಲ್ಲಿಡಿಸಿದ.

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿದ್ದಳು. ಟಬ್ಬಿನೊಳಗೆ ಇಣುಕಿದವಳ ಮುಖ ಬಾಡಿತು. "ಅಷ್ಟು ನಂಬಿಕೆಯಿಂದ ಬಿಟ್ಟು ಬಂದ್ರೆ ಅದನ್ನೂ ಹಿಡ್ಕೊಂಡು ಬಂದ್ಯಲ್ಲೋ. ನಿನಗೆ ಬೇರೆ ಮೀನೇ ಸಿಗ್ಲಿಲ್ವಾ?" ಎಂದಳು. ನಾನು ಮೆಟ್ಟಿಲ ಮೇಲೆ ಕೂತು, ಅದು ಕೆರೆಯಲ್ಲಿದ್ದರೆ ಊರಿನ ಮೀನುಗಳಿಗೆ ಆಗುವ ಅನಾಹುತವನ್ನೆಲ್ಲ ಭಾಷಣದ ಧಾಟಿ ಬಿಟ್ಟು ಹೇಳಿದೆ. ಅಮ್ಮ ಪೂರ್ತಿ ಕೇಳಿದಳು. ಇಷ್ಟು ವರ್ಷದಲ್ಲಿ ನನ್ನ ಕೆಲಸವೇನೆಂದು ಅವಳಿಗೆ ನಾನು ಬಿಡಿಸಿ ಹೇಳಿದ್ದು ಅದೇ ಮೊದಲು.

"ಹಾಗಾದ್ರೆ ನೀನು ಮಾಡೋದು ಮೀನು ಉಳಿಸೋ ಕೆಲಸವಾ?"

"ಹೌದಮ್ಮ. ಎಣಿಸ್ತೀನಿ, ಅಳೀತೀನಿ, ವಾಪಸ್ ನೀರಿಗೆ ಬಿಡ್ತೀನಿ."

"ಕೊಲ್ಲೋದೇ ಇಲ್ವಾ?"

"ಇವತ್ತು ಇದೊಂದನ್ನ ಕೊಲ್ಲಬೇಕಿತ್ತು. ಆಗ್ಲಿಲ್ಲ."

ಈ ಮಾತಿಗೆ ಅಮ್ಮ ಸಂತೋಷಪಡುತ್ತಾಳೆ, ತಲೆ ಸವರುತ್ತಾಳೆ ಎಂದು ನಾನು ಕಾದೆ. ಈ ವಯಸ್ಸಿನಲ್ಲೂ ಅದಕ್ಕೆ ಆಸೆಪಟ್ಟೆ. ಅವಳು ಮೋಸಹೋದವರ ದನಿಯಲ್ಲಿ, "ಮತ್ತೆ ಇಷ್ಟು ವರ್ಷ ನಾನು ಯಾರ ಪಾಪಕ್ಕೆ ಉಪವಾಸ ಇದ್ದದ್ದು?" ಎಂದಳು. ಸನ್ಯಾಸಿಯನ್ನು ಮತ್ತೆ ತೊಟ್ಟಿಗೇ ಬಿಡಲು ನಾನು ಟಬ್ಬು ಎತ್ತಿಕೊಂಡೆ. ಅಮ್ಮ ಸೆರಗು ಕೊಡವಿ ಒಳಗೆ ಹೋದಳು. ಅಷ್ಟು ವರ್ಷ ಸರ್ಕಾರದ ಸಂಬಳ ತಿಂದು, ಹೆತ್ತವಳ ಹಸಿವಿಗೆ ತಕ್ಕಷ್ಟಾದರೂ ಪಾಪ ಮಾಡಲಿಲ್ಲವಲ್ಲ ಎಂದು ಮೊದಲ ಬಾರಿಗೆ ನನ್ನ ಉದ್ಯೋಗದ ಬಗ್ಗೆ ನನಗೆ ನಾಚಿಕೆಯಾಯಿತು.