ಮಿಸ್ ಶೆಣೈಯವರ ಬೀಗದ ಕೈ

ಮುಂಬಯಿಯನ್ನು ಚೆನ್ನಾಗಿ ಬಲ್ಲೆ ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ‘ನಿಮಗೆ ಚಿಕ್ಕ ಮಕ್ಕಳಿದ್ದಾರೆಯೇ?’ ಇಲ್ಲ ಎಂದರೆ ಅವರ ಜ್ಞಾನವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಮೈಸೂರಿನಿಂದ ಬಂದು ಎಂಟು ವರ್ಷ ಈ ಊರಿನಲ್ಲಿ ಓಡಾಡಿ, ಯಾವ ಲೋಕಲ್ಲಿನ ಯಾವ ಡಬ್ಬಿ ಯಾವ ಮೆಟ್ಟಿಲಿನ ಎದುರಿಗೆ ಬಂದು ನಿಲ್ಲುತ್ತದೆ ಎಂಬುದನ್ನೆಲ್ಲ ಕರಗತ ಮಾಡಿಕೊಂಡು, ಹೊಸದಾಗಿ ಬಂದವರಿಗೆ ಪಾಠ ಹೇಳುವ ಮಟ್ಟಕ್ಕೆ ಏರಿದ್ದೆ. ಆಮೇಲೆ ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳಿಗೆ ನಾಲ್ಕು ತುಂಬಿತು. ಒಂದು ಶನಿವಾರ ಬೆಳಿಗ್ಗೆ ವಿ.ಟಿ. ಸ್ಟೇಷನ್ನಿನ ಜನಜಂಗುಳಿಯ ನಟ್ಟನಡುವೆ ಅವಳು ನನ್ನ ಬೆರಳು ಜಗ್ಗಿ ‘ಅಪ್ಪಾ, ಒಂದಕ್ಕೆ’ ಎಂದಳು. ನನ್ನ ಎಂಟು ವರ್ಷದ ವಿದ್ಯೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಮ್ಮ ಹಿರಿಯರು ಈ ವಿಷಯವನ್ನು ಒಂದು, ಎರಡು ಎಂದು ಅಂಕಗಣಿತಕ್ಕೆ ಸೇರಿಸಿ ಮರ್ಯಾದೆ ಉಳಿಸಿದ್ದಾರೆ, ನಿಜ. ಆದರೆ ಎಲ್ಲಿ ಎಂಬುದನ್ನು ಅವರೂ ಹೇಳಿಹೋಗಿಲ್ಲ.

ಮಗುವನ್ನು ಕಟ್ಟಿಕೊಂಡು ನಾನು ವಿ.ಟಿ.ಯಲ್ಲಿ ಏಕೆ ನಿಂತಿದ್ದೆ ಎಂದರೆ, ನನ್ನ ಹೆಂಡತಿ ವಿಮಲ ಚೆಂಬೂರಿನ ಒಂದು ಶಾಲೆಯಲ್ಲಿ ಟೀಚರು. ಶನಿವಾರ ಅವಳಿಗೆ ಪೂರ್ತಿ ದಿನದ ಕೆಲಸ, ನನಗೆ ಅರ್ಧ ದಿನ. ಉಳಿದ ದಿನ ಮಗಳು ಪುಟ್ಟಿ ಅವಳ ಜೊತೆಯೇ ಆ ಶಾಲೆಯ ಶಿಶುವಿಹಾರಕ್ಕೆ ಹೋಗುತ್ತಿದ್ದಳು, ಶನಿವಾರ ಅದಕ್ಕೆ ರಜೆ. ಅಲ್ಲಿಯತನಕ ಶನಿವಾರಗಳಂದು ಅವಳನ್ನು ನೋಡಿಕೊಳ್ಳುತ್ತಿದ್ದವರು ಕೆಳಗಿನ ಮನೆಯ ಪದ್ಮಕ್ಕ. ಅವರು ಮಗಳ ಬಾಣಂತನಕ್ಕೆಂದು ಉಡುಪಿಗೆ ಹೋದರು. ಬಾಣಂತನ ಮೂರು ತಿಂಗಳಿಗೆ ಕಡಿಮೆ ಆಗುವುದಿಲ್ಲ ಎಂದು ವಿಮಲ ಹೇಳಿದಳು. ‘ಅರ್ಧ ದಿನ ತಾನೇ ರೀ, ಆಫೀಸಿನಲ್ಲಿ ನೀವೇನು ಬಂಡೆ ಒಡೀತೀರಾ?’ ಎಂದೂ ಕೇಳಿದಳು. ಹೀಗೆ ಪ್ರತಿ ಶನಿವಾರ ಪುಟ್ಟಿ ನನ್ನ ಜೊತೆ ಫೋರ್ಟಿನ ವಿಮಾ ಕಚೇರಿಗೆ ಬರತೊಡಗಿದಳು.

ಹೆಣ್ಣು ಮಗುವಿನ ತಂದೆಯ ಪಾಡು ಹೆಣ್ಣು ಮಗುವಿನ ತಂದೆಗೇ ಗೊತ್ತು. ಗಂಡಸರ ಕಡೆಗೆ ಕರೆದುಕೊಂಡು ಹೋದರೆ ಅವಳು ಅಲ್ಲಿ ಸಾಲಾಗಿ ನಿಂತವರನ್ನು ತೋರಿಸಿ ‘ಇವರೆಲ್ಲ ಗೋಡೆಗೆ ಯಾಕೆ ಮುಖ ಮಾಡ್ಕೊಂಡಿದಾರೆ? ಯಾರು ಶಿಕ್ಷೆ ಕೊಟ್ರು?’ ಎಂದು ಗಟ್ಟಿಯಾಗಿ ಕೇಳುತ್ತಾಳೆ. ಹೆಂಗಸರ ಕಡೆಯ ಬಾಗಿಲಿನಲ್ಲಿ ನಾನು ನಿಂತರೆ ಪೊಲೀಸರು ಬರುತ್ತಾರೆ. ಒಮ್ಮೆ ಒಬ್ಬ ಮರಾಠಿ ಅಜ್ಜಿ ‘ಕಾಯ ಪಾಹಿಜೆ?’, ಏನು ಬೇಕು, ಎಂದು ನನ್ನನ್ನು ಗದರಿಸಿ, ವಿಷಯ ತಿಳಿದ ಮೇಲೆ ತಾವೇ ಮಗುವನ್ನು ಒಳಗೆ ಕರೆದೊಯ್ದರು. ಹೊರಗೆ ಬರುವಷ್ಟರಲ್ಲಿ ಪುಟ್ಟಿ ನಮ್ಮ ಮನೆಯ ಅಷ್ಟೂ ಸಮಾಚಾರವನ್ನು ತನ್ನ ಅರೆಬರೆ ಹಿಂದಿಯಲ್ಲಿ ಒಪ್ಪಿಸಿಬಿಟ್ಟಿದ್ದಳು. ಉಳಿದದ್ದು ಉಡುಪಿ ಹೋಟೆಲು. ಅಲ್ಲಿ ಸುಮ್ಮನೆ ನುಗ್ಗಿ ಹೊರಗೆ ಬರಲು ಸಂಕೋಚ, ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ನಮ್ಮ ಕಡೆಯವರು. ಹಾಗಾಗಿ ಮಗು ಹೋದಷ್ಟು ಸಲ ನಾನೊಂದು ಕಾಫಿ ಕುಡಿಯುತ್ತಿದ್ದೆ. ಮೂರು ಕಾಫಿ ಕುಡಿದ ಮೇಲೆ ನನ್ನ ಸರದಿ ಬರುತ್ತಿತ್ತು.

ಇನ್ನು ನಮ್ಮ ಕಚೇರಿ. ಅದು ಎರಡನೇ ಮಹಡಿಯಲ್ಲಿತ್ತು. ಆ ಮಹಡಿಯ ಸಂಡಾಸು ನಾನು ಕೆಲಸಕ್ಕೆ ಸೇರುವ ಮೊದಲೇ ರಿಪೇರಿಗೆಂದು ಮುಚ್ಚಿದ್ದು, ಇನ್ನೂ ರಿಪೇರಿಯಲ್ಲಿಯೇ ಇತ್ತು. ಗಂಡಸರು ಹೆಂಗಸರೆಲ್ಲ ಮೂರನೇ ಮಹಡಿಗೆ ಹತ್ತಿ ಹೋಗಬೇಕು, ಲಿಫ್ಟು ಎರಡಕ್ಕೇ ಕೊನೆ. ಮೇಲೆ ಕುಕ್ಕರುಗಾಲಿನಲ್ಲಿ ಕೂರುವ ಹಳೆಯ ಕಾಲದ ವ್ಯವಸ್ಥೆ, ಜಾರುವ ನೆಲ. ಪುಟ್ಟಿ ಒಮ್ಮೆ ಇಣುಕಿ ನೋಡಿ ‘ಬಾವಿ’ ಎಂದು ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು.

ಆದರೆ ನಮ್ಮ ಮಹಡಿಯಲ್ಲೇ, ದಾಖಲೆ ಕೋಣೆಯ ಪಕ್ಕದಲ್ಲಿ, ಇನ್ನೊಂದು ಬಾಗಿಲಿತ್ತು. ಅಗಲವಾದ ಬಾಗಿಲು, ತಗ್ಗಿನಲ್ಲಿ ಕೊಂಡಿ, ಒಳಗೆ ಬಿಳಿಯ ಕಮೋಡು, ಹಿಡಿದುಕೊಳ್ಳಲು ಗೋಡೆಯುದ್ದಕ್ಕೂ ಕಬ್ಬಿಣದ ಸರಳು. ಅದು ಮಿಸ್ ಶೆಣೈಯವರ ಗಳಿಕೆ. ಅವರು ಮಂಗಳೂರಿನವರು, ನನ್ನ ಪಕ್ಕದ ಮೇಜಿನವರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲಿಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಊರುಗೋಲು. ಮೂರನೇ ಮಹಡಿಗೆ ಹತ್ತಲಾಗದೆ ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು ಆ ಕೋಣೆ ಕಟ್ಟಿಸಿಕೊಂಡಿದ್ದರು. ಬಾಗಿಲಿನ ಮೇಲೆ ‘ಅಂಗವಿಕಲರಿಗೆ ಮಾತ್ರ’ ಎಂಬ ಅರ್ಥದ ಮಾತನ್ನು ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ಬರೆಸಲಾಗಿತ್ತು. ಮೂರು ಭಾಷೆಗಳಲ್ಲಿ ಓದಿಕೊಂಡೇ ಎಲ್ಲರೂ ಒಳಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಸರಳಿನ ಮೇಲೆ ಕೊಡೆಗಳನ್ನು ಒಣಹಾಕುತ್ತಿದ್ದರು. ಒಂದು ತಿಂಗಳು ನೋಡಿ, ಮಿಸ್ ಶೆಣೈ ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರು.

ನಾಲ್ಕನೆಯ ಶನಿವಾರ ನಾನು ಹಲ್ಲುಗಿಂಜುತ್ತಾ ಅವರ ಮುಂದೆ ನಿಂತೆ. ಅವರು ಕಾಲು ಹೆಣೆದುಕೊಂಡು ನಿಂತಿದ್ದ ಪುಟ್ಟಿಯನ್ನು ನೋಡಿದರು. ‘ಮಗುವಿಗಾ? ತಕೊಳ್ಳಿ. ಬೇಗ ಕೊಂಡು ಹೋಗಿ ಮಾರಾಯ್ರೆ’ ಎಂದು ಬೀಗದ ಕೈ ಕೊಟ್ಟರು. ನಮ್ಮ ಪುಟ್ಟಿ ಕಮೋಡನ್ನು ಕಂಡದ್ದು ಅದೇ ಮೊದಲು. ಏರಿ ಕೂತಳು. ಕೂತವಳು ಇಳಿಯಲಿಲ್ಲ. ಕಾಲು ಆಡಿಸುತ್ತಾ ಶಿಶುಗೀತೆ ಹೇಳಿದಳು, ಒಂದರಿಂದ ಇಪ್ಪತ್ತರವರೆಗೆ ಎಣಿಸಿದಳು, ನಡುವೆ ಹದಿನೇಳು ಬಿಟ್ಟುಹೋಯಿತೆಂದು ಮತ್ತೆ ಮೊದಲಿನಿಂದ ಎಣಿಸಿದಳು. ಕೆಲಸ ಮುಗಿದ ಮೇಲೆ ಸರಳು ಹಿಡಿದು ತೂಗಾಡಿದಳು. ಅಂದಿನಿಂದ ಅವಳಿಗೆ ಕಚೇರಿ ತಲುಪುತ್ತಲೇ ಅವಸರವಾಗತೊಡಗಿತು. ‘ಮಗೂನ ನೀವು ಕರ್ಕೊಂಡು ಹೋಗ್ತಿರೋದು ಆಫೀಸಿಗೋ ಕಕ್ಕಸಿಗೋ?’ ಎಂದು ವಿಮಲ ಕೇಳುವಂತಾಯಿತು.

ಇದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಕಾಡದೆ ಇರಲಿಲ್ಲ. ಕಾಡಿದ್ದರಿಂದಲೇ ಅದನ್ನು ಒಂದು ಸೋಮವಾರ ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಸಭೆಯ ಮುಂದಿಟ್ಟೆ. ನಾವು ಮೈಸೂರಿನವರು, ಸಭೆ ಸಿಕ್ಕರೆ ಭಾಷಣ ಬಿಡುವವರಲ್ಲ. ‘ಮಗುವನ್ನು ಎತ್ತಿಕೊಂಡವನಿಗೆ ಒಂದು ಕೈ ಇಲ್ಲ. ಇನ್ನೊಂದು ಕೈಯಲ್ಲಿ ಮಗುವಿನ ಚೀಲ. ಎರಡು ಕೈಯೂ ಇಲ್ಲದವನು ಆ ಹೊತ್ತಿಗೆ ಅಂಗವಿಕಲನಲ್ಲದೆ ಇನ್ನೇನು?’ ಎಂದು ಕೇಳಿದೆ. ಯೂನಿಯನ್ನಿನ ಕಾರ್ಯದರ್ಶಿ, ಧಾರವಾಡದ ಕುಲಕರ್ಣಿಯವರು ಚಪಾತಿ ಮುರಿಯುತ್ತಾ ‘ಖರೇ ಅದ ನೋಡ್ರಿ. ಜಾಗಾ ಖಾಲಿ ಬಿದ್ದದ. ಸಣ್ಣ ಕೂಸಿಗೆ ಬ್ಯಾಡ ಅನ್ನೋದು ಯಾವ ನ್ಯಾಯರೀ?’ ಎಂದರು. ಮಿಸ್ ಶೆಣೈಯವರ ಅರ್ಜಿಗಳ ಪರವಾಗಿ ಮ್ಯಾನೇಜರರ ಕೋಣೆಯ ಮುಂದೆ ಘೋಷಣೆ ಕೂಗಿದವರೂ ಅವರೇ ಆದ್ದರಿಂದ ಅವರ ಮಾತಿಗೆ ತೂಕವಿತ್ತು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಆ ಸಭೆಯಲ್ಲಿ ಇರದವರು ಮಿಸ್ ಶೆಣೈ ಒಬ್ಬರೇ, ಅವರು ಊಟವನ್ನು ತಮ್ಮ ಮೇಜಿನಲ್ಲೇ ಮಾಡುತ್ತಿದ್ದರು. ಅವರನ್ನೂ ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇನ್ನು ಮುಂದಿನದನ್ನು ಹೇಳಲು ನನಗೆ ಈಗಲೂ ನಾಚಿಕೆ. ಪ್ರತಿ ಸಲ ಹೋಗಿ ಕೈಯೊಡ್ಡುವುದು ನನಗೆ ಮುಜುಗರ ತರುತ್ತಿತ್ತು. ಆದರೆ ಮನುಷ್ಯ ತನ್ನ ಮುಜುಗರವನ್ನು ಮುಜುಗರ ಎಂದು ಒಪ್ಪಿಕೊಳ್ಳುತ್ತಾನೆಯೇ? ‘ಪಾಪ, ಅವರಿಗೆ ಎಷ್ಟು ಸಲ ತೊಂದರೆ ಕೊಡುವುದು’ ಎಂದುಕೊಂಡೆ. ಒಂದು ಶನಿವಾರ ಪುಟ್ಟಿಯ ನೆಪದಲ್ಲಿ ಬೀಗದ ಕೈ ಪಡೆದು, ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು, ಕೆಳಗಿನ ಫುಟ್‌ಪಾತಿನಲ್ಲಿ ಬೀಗದ ಕೈಗಳ ಗೊಂಚಲು ತೂಗುಹಾಕಿ ಕೂತಿದ್ದವನ ಬಳಿ ಹೋಗಿ ಇನ್ನೊಂದು ಮಾಡಿಸಿಕೊಂಡೆ. ಅವನು ಅರದಿಂದ ಉಜ್ಜುತ್ತಾ ‘ಯೇ ಚಾಬಿ ತೋ ಪೆಹಚಾನ್ ಕೀ ಲಗ್ತೀ ಹೈ ಸಾಬ್’ ಎಂದು ನಕ್ಕ. ಈ ಬೀಗದ ಕೈ ಅವನಿಗೆ ಗುರುತಿನದಂತೆ! ವ್ಯಾಪಾರಿಗಳ ಸಲಿಗೆಯ ಮಾತು ಎಂದುಕೊಂಡು ಮೇಲೆ ಬಂದೆ.

ಮುಂದಿನ ಎರಡು ಶನಿವಾರ ನಿರಾತಂಕವಾಗಿ ಕಳೆದವು. ಮೂರನೆಯದರಲ್ಲಿ ನಾವು ಒಳಗಿರುವಾಗ ಬಾಗಿಲಿನ ಮೇಲೆ ಟಕ್ ಟಕ್ ಎಂದಿತು. ಊರುಗೋಲಿನ ಸದ್ದು. ಪುಟ್ಟಿ ಹನ್ನೊಂದರವರೆಗೆ ಎಣಿಸಿದ್ದಳು. ಉಸಿರು ಬಿಗಿಹಿಡಿದು, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದೆ. ಯಾರೂ ಇಲ್ಲವೆಂದು ತಿಳಿದು ಅವರು ಹೋಗಿಬಿಡಬಹುದು ಎಂದು ನನ್ನ ಆಸೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ ಎಂದ ಮೇಲೆ ಒಳಗೆ ಯಾರೋ ಇರಲೇಬೇಕು ಎಂಬಷ್ಟು ಬುದ್ಧಿಯೂ ಆ ಕ್ಷಣ ನನಗಿರಲಿಲ್ಲ. ಮತ್ತೆ ಟಕ್ ಟಕ್. ‘ಯಾರು? ಸ್ವಲ್ಪ ಬೇಗ’ ಎಂಬ ಧ್ವನಿ. ಆಗ ಪುಟ್ಟಿ ಗಟ್ಟಿಯಾಗಿ, ಸ್ಪಷ್ಟವಾಗಿ ಕೂಗಿದಳು: ‘ಆಂಟೀ, ನಂದು ಆಗ್ಹೋಯ್ತು. ಅಪ್ಪ ಮಾತಾಡ್ಬೇಡ ಅಂತಿದಾನೆ!’

ಬಾಗಿಲು ತೆರೆದೆ. ಮಿಸ್ ಶೆಣೈ ಗೋಡೆಗೆ ಒರಗಿ ನಿಂತಿದ್ದರು. ಮುಖ ಬಿಳುಚಿತ್ತು, ಹಣೆಯಲ್ಲಿ ಬೆವರು. ನನ್ನನ್ನು ನೋಡಲೂ ಇಲ್ಲ, ಒಳಗೆ ಹೋದರು. ನಾನು ಮಗುವಿನ ಚಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತಿದ್ದೆ.

ಅವರು ತಮ್ಮ ಮೇಜಿಗೆ ಮರಳಿ, ನನ್ನನ್ನು ಕರೆದು ಕೂರಿಸಿದರು. ಕೂಗಾಡಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ತೋರಿಸಿ, ‘ಮೂರ್ತಿಯವರೇ, ಇದು ಇಲ್ಲಿಗೆ ಬಂದದ್ದು ಯಾವಾಗ ಅಂತ ನಿಮಗೆ ಗೊತ್ತುಂಟಾ? ಆ ಕೋಣೆ ಆದ ಮೇಲೆ. ಅದಕ್ಕೆ ಮುಂಚೆ ಒಂಬತ್ತು ವರ್ಷ, ಬೆಳಿಗ್ಗೆ ಮಲಾಡಿನ ಮನೆಯಲ್ಲಿ ಅರ್ಧ ಲೋಟ ಕಾಫಿ ಕುಡಿದರೆ ಮತ್ತೆ ಸಂಜೆ ಮನೆಗೆ ಹೋಗಿಯೇ ನೀರು ಕುಡಿಯುವುದು. ಮೇ ತಿಂಗಳಲ್ಲಿ ಸಹ’ ಎಂದರು. ನಾನು ಆರು ವರ್ಷ ಪಕ್ಕದಲ್ಲಿ ಕೂತವನು. ಅವರು ಚಹಾ ಬೇಡವೆಂದಾಗಲೆಲ್ಲ ಏನೋ ವ್ರತ ಎಂದುಕೊಂಡಿದ್ದೆ. ಅವರ ಸಂಯಮವನ್ನು ನೋಡಿ ಕಲಿ ಎಂದು ವಿಮಲಳಿಗೆ ಉಪದೇಶವನ್ನೂ ಮಾಡಿದ್ದೆ.

‘ಮಗು ಹೋಗಬಾರದು ಅಂತ ನಾನು ಹೇಳಿದೆನಾ?’ ಎಂದರು ಅವರು. ‘ಮಗುವಿಗೆ ತಡೆಯಲಿಕ್ಕೆ ಆಗುವುದಿಲ್ಲ, ನನಗೆ ಗೊತ್ತಿಲ್ಲವಾ? ಕೇಳಿ ತಕೊಳ್ಳಿ, ಬಾಗಿಲು ಬಡಿದರೆ ಹೊರಗೆ ಬನ್ನಿ, ಅಷ್ಟೇ. ನಿಮಗೆ ಮೇಲಿನ ಮಾಳಿಗೆ ಉಂಟು, ಕೆಳಗೆ ಹೋಟ್ಲು ಉಂಟು. ನನಗೆ ಇದೊಂದೇ ಬಾಗಿಲು. ಅಲ್ಲ, ಇವತ್ತು ನೀವು ನನ್ನ ಹತ್ತಿರ ಬೀಗದ ಕೈ ಕೇಳಲೇ ಇಲ್ಲವಲ್ಲ. ಒಳಗೆ ಹೋದದ್ದು ಹೇಗೆ?’

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ‘ನಿಮಗೆ ತೊಂದರೆ ಆಗಬಾರದು ಅಂತ...’ ಎಂದು ತೊದಲಿದೆ. ಸುತ್ತಲಿನ ಮೇಜುಗಳಲ್ಲಿ ಟೈಪಿನ ಸದ್ದು ನಿಂತುಹೋಗಿತ್ತು. ಕುಲಕರ್ಣಿಯವರು ಎರಡು ಸಲ ಕೆಮ್ಮಿ, ಎದ್ದು ಬಂದು, ‘ಬಾಯಾರ, ನಂದೂ ಒಂದ ಅದ. ನಿಮಗ ತ್ರಾಸ ಆಗಬಾರ್ದು ಅಂತನ ಮಾಡಿಸಿದ್ದೆ’ ಎಂದು ಇನ್ನೊಂದನ್ನು ಇಟ್ಟರು. ಅವರನ್ನು ನೋಡಿ ಹೆಡ್ ಕ್ಲಾರ್ಕು ಬಂದರು. ಆಮೇಲೆ ಕ್ಯಾಶಿನವರು, ದಾಖಲೆ ಕೋಣೆಯವರು, ಪ್ಯೂನು. ಸ್ವಲ್ಪ ಹೊತ್ತಿಗೆ ಮ್ಯಾನೇಜರರ ಕೋಣೆಯಿಂದ ಒಂದು ಲಕೋಟೆ ಬಂತು, ಮೇಲೆ ‘ಗೋಪ್ಯ’ ಎಂದು ಬರೆದಿತ್ತು, ಒಳಗೆ ಗಟ್ಟಿಯಾದದ್ದೇನೋ ಇತ್ತು. ಒಟ್ಟು ಏಳು. ಮಿಸ್ ಶೆಣೈ ಅವನ್ನೆಲ್ಲ ಫೈಲಿನ ಹಸಿರು ದಾರಕ್ಕೆ ಪೋಣಿಸಿ ಗಂಟು ಹಾಕಿದರು. ‘ಇಷ್ಟು ಜನರಿಗೆ ನನ್ನ ಮೇಲೆ ಇಷ್ಟು ಪ್ರೀತಿ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ರೆ’ ಎಂದರು.

ಮುಂದಿನ ಶನಿವಾರ ಪುಟ್ಟಿಗೆ ಎಂದಿನಂತೆ ಅವಸರವಾಯಿತು. ನಾನು ಹೋಗಿ ಕೇಳಿದೆ. ಮಿಸ್ ಶೆಣೈ ಡ್ರಾಯರು ತೆರೆದು, ಚಾಚಿದ್ದ ನನ್ನ ಕೈಯನ್ನು ದಾಟಿಸಿ ಬೀಗದ ಕೈಯನ್ನು ಪುಟ್ಟಿಯ ಅಂಗೈಯಲ್ಲಿಟ್ಟರು. ‘ನಿನ್ನ ಹತ್ತಿರ ಕೊಡ್ತೇನೆ ಮಗಾ, ಅಪ್ಪನ ಹತ್ತಿರ ಅಲ್ಲ. ಆಯ್ತಾ?’ ಪುಟ್ಟಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು. ಅಂದು ಹಾಡಿಲ್ಲ, ಎಣಿಕೆಯಿಲ್ಲ, ತೂಗಾಟವಿಲ್ಲ, ನಾಲ್ಕೇ ನಿಮಿಷದಲ್ಲಿ ಹೊರಗೆ ಬಂದಳು. ಕೋಣೆ ಖಾಲಿ, ಬಾಗಿಲು ತೆರೆದಿದೆ, ಮಿಸ್ ಶೆಣೈ ದೂರದಲ್ಲಿ ಟೈಪು ಮಾಡುತ್ತಿದ್ದಾರೆ. ಮನುಷ್ಯನ ದೇಹಕ್ಕೆ ಮಾನ ಮರ್ಯಾದೆ ಎಂಬುದಿಲ್ಲ. ‘ಪುಟ್ಟಿ, ಇಲ್ಲೇ ನಿಂತ್ಕೋ, ಅಪ್ಪ ಒಂದೇ ನಿಮಿಷ’ ಎಂದೆ.

‘ಆಂಟೀನ ಕೇಳಿದ್ಯಾ?’ ಎಂದಳು.

‘ಇಲ್ಲ...’

ತಗ್ಗಿನಲ್ಲಿದ್ದ ಕೊಂಡಿಗೆ ಅವಳ ಕೈ ಸಲೀಸಾಗಿ ಎಟುಕುತ್ತಿತ್ತು. ಬೀಗವನ್ನು ಅಮುಕಿ ಹಾಕಿ, ಜಗ್ಗಿ ನೋಡಿ, ಬೀಗದ ಕೈಯನ್ನು ಹಿಂದಿರುಗಿಸಲು ಮಿಸ್ ಶೆಣೈಯವರ ಮೇಜಿನತ್ತ ನಡೆದಳು. ನಾನು ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋದೆ. ಅಲ್ಲಿ ಗಂಡಸರ ಬಾಗಿಲಿನ ಹೊರಗೆ ಹೆಡ್ ಕ್ಲಾರ್ಕು, ಕ್ಯಾಶಿನವರು, ದಾಖಲೆ ಕೋಣೆಯವರು, ಪ್ಯೂನು ಸಾಲಾಗಿ ನಿಂತಿದ್ದರು. ಕೊನೆಯಲ್ಲಿದ್ದ ಕುಲಕರ್ಣಿಯವರು ತುಸು ಸರಿದು ಜಾಗ ಮಾಡಿದರು. ‘ಬರ್ರಿ ಮೂರ್ತಿಯವರ, ಪಾಳಿ ಹಚ್ಚರಿ’ ಎಂದು, ಧ್ವನಿ ತಗ್ಗಿಸಿ, ‘ಸ್ವಲ್ಪ ಹೊತ್ತಾಗ್ತದ. ಒಳಗ ಮ್ಯಾನೇಜರ್ ಸಾಹೇಬ್ರು ಇದ್ದಾರ’ ಎಂದರು.